ಪಿಕಪ್ ಹೆಡ್‌ಲೈಟ್ ಸಾಲ್ತಾ ಇಲ್ಲ: ಎಲ್‌ಇಡಿ ಹಾಕಿಸಲೋ, 100/90 ಬಲ್ಬ್ ಹಾಕಿಸಲೋ?

ಆಲೂರು ತರಕಾರಿ ಗಾಡಿ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪಿಕಪ್. ಆಲೂರಿನಿಂದ ಮಂಗಳೂರಿಗೆ ವಾರಕ್ಕೆ 4 ಟ್ರಿಪ್ ತರಕಾರಿ ಹೊಡೆಯುತ್ತೇನೆ. ರಾತ್ರಿ 1 ಗಂಟೆಗೆ ಹೊರಡೋದು, ಶಿರಾಡಿ ಘಾಟಿ ಇಳಿದು ಬೆಳಕು ಹರಿಯೋದರೊಳಗೆ ಮಾರ್ಕೆಟ್ ಸೇರೋದು. ಗಾಡಿ ಇಂಜಿನ್ ಗುಂಡುಕಲ್ಲಿನ ಹಾಗೆ ಇದೆ, ಆದರೆ ಹೆಡ್‌ಲೈಟ್ ಮಾತ್ರ ಚಿಮಣಿ ದೀಪ. ದೋಣಿಗಲ್ ಹತ್ತಿರ ಮಳೆ ಹಿಡಿದರೆ ರಸ್ತೆ ಎಲ್ಲಿ ಮುಗಿಯಿತು, ಚರಂಡಿ ಎಲ್ಲಿ ಶುರುವಾಯಿತು ಅಂತಾನೇ ಗೊತ್ತಾಗಲ್ಲ.

ಹೋದ ವಾರ ಸಕಲೇಶಪುರಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗ ಒಂಟಿ ಆನೆ ರಸ್ತೆ ಪಕ್ಕದಲ್ಲೇ ನಿಂತಿತ್ತು. ನನಗೆ ಕಂಡಿದ್ದು 20 ಮೀಟರ್ ಇರುವಾಗ. ಅದೂ ಆನೆ ಕಂಡಿದ್ದಲ್ಲ, ಅದರ ಕಿವಿ ಅಲ್ಲಾಡಿದ್ದು ಕಂಡಿದ್ದು. ಅಪ್ಪ ಪಕ್ಕದಲ್ಲಿದ್ದರು. ಅವತ್ತಿನಿಂದ ಲೈಟ್ ಸರಿ ಮಾಡಿಸದೆ ಗಾಡಿ ತೆಗೀಬೇಡ ಅಂತ ಮನೆಯಲ್ಲಿ ದಿನಾ ಇದೇ ಪಾಠ.

ಅಂಗಡಿಯವನು ಎಲ್‌ಇಡಿ ಸೆಟ್ ಕೊಟ್ಟಿದ್ದಾನೆ. ಡಬ್ಬಿ ಮೇಲೆ 130 ವಾಟ್, 20,000 ಲುಮೆನ್ ಬೆಳಕು ಅಂತ ಬರೆದಿದೆ. 3,500 ರೂಪಾಯಿ ಕೊಟ್ಟು ತಂದಿಟ್ಟಿದ್ದೇನೆ, ಇನ್ನೂ ಹಾಕಿಲ್ಲ. ನಮ್ಮ ಲೈನಿನ ಇನ್ನೊಬ್ಬ ಡ್ರೈವರ್ ಅದೆಲ್ಲ ಸುಮ್ನೆ ದಂಡ, 100/90 ಹ್ಯಾಲೊಜೆನ್ ಬಲ್ಬ್ ಹಾಕು, ಮುನ್ನೂರು ರೂಪಾಯಿಗೆ ಕೆಲಸ ಮುಗೀತು ಅಂತಾನೆ. ಈಗ ಇರುವುದು ಮಾಮೂಲಿ ಎಚ್4 ಬಲ್ಬ್, 60/55, ಅಂದರೆ ದೂರಕ್ಕೆ ಹೊಡೆಯುವ ಹೈ ಬೀಮ್ 60 ವಾಟ್, ಕೆಳಕ್ಕೆ ಇಳಿಸಿದ ಲೋ ಬೀಮ್ 55 ವಾಟ್. ಯಾವುದು ಹಾಕಿಸಲಿ?

ಹಿರಿಯೂರು ಲೋಡ್

ಗುರು, ತಂದಿಟ್ಟುಕೊಂಡು ಏನು ಪೂಜೆ ಮಾಡ್ತೀರಾ? ಹಾಕಿ. ನಾನು ಎರಡು ವರ್ಷದಿಂದ ಎಲ್‌ಇಡಿಯಲ್ಲೇ ಓಡಿಸುತ್ತಿದ್ದೇನೆ, ಹಿರಿಯೂರಿನಿಂದ ಬೆಂಗಳೂರು, ವಾಪಸ್. ರಸ್ತೆ ಬೆಳ್ಳಗೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಕರೆಂಟ್ ಕಡಿಮೆ ಎಳೆಯುತ್ತದೆ, ಹೋಲ್ಡರ್ ಕರಗುವ ತಲೆನೋವು ಇಲ್ಲ. 100/90 ಮಾತ್ರ ಬೇಡ. ನಾನು ಮೊದಲು ಅದನ್ನೇ ಹಾಕಿದ್ದೆ, ಮೂರು ತಿಂಗಳಿಗೆ ಹೋಲ್ಡರಿನ ಪ್ಲಾಸ್ಟಿಕ್ ಬೆಂದು ಬಲ್ಬಿಗೆ ಅಂಟಿಕೊಂಡಿತ್ತು.

ತಂತಿ ಡಾಕ್ಟರ್

ತಮ್ಮಾ, ಎರಡನ್ನೂ ಹಾಕಬೇಡ, ಸ್ವಲ್ಪ ತಡಿ. ನಾನು ಹಾಸನದಲ್ಲಿ 22 ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಲೈಟ್ ಸಾಲಲ್ಲ ಅಂತ ಬರುವ ಹಳೆಯ ಪಿಕಪ್‌ಗಳಲ್ಲಿ ಮುಕ್ಕಾಲು ಪಾಲು ಗಾಡಿಗಳ ಬಲ್ಬ್ ಸರಿಯಾಗೇ ಇರುತ್ತದೆ, ಬಲ್ಬಿಗೆ ಊಟ ಸಿಗುತ್ತಿರುವುದಿಲ್ಲ ಅಷ್ಟೇ.

ಬ್ಯಾಟರಿಯಿಂದ ಹೊರಟ ಕರೆಂಟ್ ಫ್ಯೂಸ್ ಬಾಕ್ಸ್‌ಗೆ ಬಂದು, ಸ್ಟೇರಿಂಗ್ ಕೆಳಗಿನ ಸ್ವಿಚ್ಚಿಗೆ ಹೋಗಿ, ಹೈ-ಲೋ ಬದಲಿಸುವ ಡಿಪ್ಪರ್ ದಾಟಿ, ಮತ್ತೆ ಮುಂದಕ್ಕೆ ಬಂದು ಬಲ್ಬ್ ಸೇರಬೇಕು. ತಂತಿ ನೋಡಿದರೆ ಸಣ್ಣದು. ಸ್ವಿಚ್ಚಿನ ಒಳಗಿನ ಪಾಯಿಂಟು ಹತ್ತು ವರ್ಷದಲ್ಲಿ ಕರ್ರಗಾಗಿರುತ್ತದೆ. ಆಮೇಲೆ ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ. ಅದನ್ನು ಗಾಡಿ ಬಾಡಿಯ ಲೋಹಕ್ಕೆ ಬೋಲ್ಟ್ ಹಾಕಿರುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಮುಗೀತು. ಎರಡೂ ಲೋ ಬೀಮ್ ಸೇರಿ 110 ವಾಟ್, ಅಂದರೆ 9 ಆಂಪಿಯರ್ ಇಷ್ಟೆಲ್ಲಾ ದಾಟಿ ಹೋಗಬೇಕು. ದಾರಿಯುದ್ದಕ್ಕೂ ವೋಲ್ಟೇಜ್ ಸೋರುತ್ತದೆ.

ಹ್ಯಾಲೊಜೆನ್ ಬಲ್ಬಿನ ಸ್ವಭಾವ ಕೇಳು. ವೋಲ್ಟೇಜ್ ನೂರಕ್ಕೆ 10 ಇಳಿದರೆ ಬೆಳಕು 10 ಇಳಿಯಲ್ಲ, ಹತ್ತಿರ ಹತ್ತಿರ 30 ಇಳಿಯುತ್ತದೆ. ಇಂಥ ವೈರಿಂಗಿಗೆ 100/90 ಹಾಕಿದರೆ ಏನಾಗುತ್ತದೆ? ಕರೆಂಟ್ ಜಾಸ್ತಿ ಎಳೆಯುತ್ತದೆ, ಸೋರುವುದೂ ಜಾಸ್ತಿ, ಉಳಿದದ್ದು ತಂತಿ ಮತ್ತು ಸ್ವಿಚ್ಚಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹಿರಿಯೂರಿನವರ ಹೋಲ್ಡರ್ ಬೆಂದದ್ದು ಇದಕ್ಕೇ. ಅಲ್ಲದೆ ರಸ್ತೆಯ ಮೇಲೆ 100/90 ಹಾಕುವ ಹಾಗೂ ಇಲ್ಲ.

ನೀನು ಮೊದಲು ಒಂದು ಮಲ್ಟಿಮೀಟರ್ ತಗೋ. ಇಂಜಿನ್ ಚಾಲೂ ಇರಲಿ, ಲೈಟ್ ಹಾಕಿರಲಿ, ಬಲ್ಬ್ ಹೋಲ್ಡರಿನಲ್ಲೇ ಇರಲಿ. ಬ್ಯಾಟರಿ ಮೇಲೆ ಎಷ್ಟು ಬರುತ್ತೆ ನೋಡು, ಆಮೇಲೆ ಹೋಲ್ಡರಿನ ಹಿಂದಿನಿಂದ ಕಡ್ಡಿ ತೂರಿಸಿ ಅಲ್ಲಿ ಎಷ್ಟು ಬರುತ್ತೆ ನೋಡು. ಬಲ್ಬ್ ಕಿತ್ತು ನೋಡಬೇಡ, ಆಗ ಎಲ್ಲಾ ಕಡೆ ಸರಿಯಾಗೇ ತೋರಿಸುತ್ತದೆ, ನೀನು ನನಗೆ ಬೈತೀಯ. ಎರಡೂ ನಂಬರ್ ಇಲ್ಲಿ ಹಾಕು.

ಉಪ್ಪಿನಂಗಡಿ ರಾತ್ರಿ ಬಸ್

ನಾನು ಎದುರಿನಿಂದ ಬರುವವನು ಮಾರಾಯ್ರೆ, ನನ್ನ ಮಾತೂ ಸ್ವಲ್ಪ ಕೇಳಿ. ಬೆಂಗಳೂರು ಬಸ್ಸು ಓಡಿಸುವುದು, ಗುಂಡ್ಯದಿಂದ ಮಾರನಹಳ್ಳಿವರೆಗೆ ಘಾಟಿ ಹತ್ತುವುದು ದಿನಾ ರಾತ್ರಿಯೇ. ಈ ಬಿಳಿ ಎಲ್‌ಇಡಿ ಹಾಕಿದ ಪಿಕಪ್ ತಿರುವಿನಲ್ಲಿ ಎದುರಾದರೆ ಡಿಪ್ ಮಾಡಿದ್ದಾನಾ ಇಲ್ವಾ ಅಂತಾನೇ ಗೊತ್ತಾಗುವುದಿಲ್ಲ, ಎರಡೂ ಒಂದೇ. ಅವನು ದಾಟಿ ಹೋದ ಮೇಲೂ ಮೂರು ಸೆಕೆಂಡ್ ಕಣ್ಣಲ್ಲಿ ಬರೀ ಹಸಿರು ಚುಕ್ಕಿ. 60ರಲ್ಲಿ ಹೋಗುತ್ತಿದ್ದರೆ ಮೂರು ಸೆಕೆಂಡಿಗೆ 50 ಮೀಟರ್. ಹಿಂದೆ 40 ಜನ ಮಲಗಿರ್ತಾರೆ, ನಾನು ಅಷ್ಟು ದೂರ ಕುರುಡ. ಪಕ್ಕದಲ್ಲಿ ಹೊಳೆ ಉಂಟು.

ಹಿರಿಯೂರಿನವರೇ, ನಿಮಗೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ ಸರಿ, ಅದರಲ್ಲಿ ಅರ್ಧ ಹಾಲು ಚೆಲ್ಲುವುದು ನಮ್ಮ ಮುಖಕ್ಕೆ.

ಹಿರಿಯೂರು ಲೋಡ್

ಸಾರ್, ನಾನು ಡಿಪ್ ಮಾಡಿಯೇ ಓಡಿಸೋದು. ಹೈ ಬೀಮ್‌ನಲ್ಲೇ ಬರುವ ನಿಮ್ಮ ಬಸ್ಸಿನವರಿಗೂ ಸ್ವಲ್ಪ ಹೇಳಿ.

ಉಪ್ಪಿನಂಗಡಿ ರಾತ್ರಿ ಬಸ್

ಹೇಳುತ್ತೇನೆ, ಹೇಳಿದ್ದೇನೆ, ಕೇಳುವವರು ಕೇಳುತ್ತಾರೆ. ಅದು ಬೇರೆ ವಿಷಯ ಅಲ್ವಾ?

ತಂತಿ ಡಾಕ್ಟರ್

ಜಗಳ ಬೇಡ. ಇಬ್ಬರೂ ಹೇಳುವುದು ನಿಜ. ಡಿಪ್ ಮಾಡಿದರೂ ಯಾಕೆ ಕಣ್ಣಿಗೆ ಹೊಡೆಯುತ್ತದೆ ಅಂದರೆ, ಎಚ್4 ಬಲ್ಬಿನೊಳಗೆ ಎರಡು ತಂತು ಇವೆ. ಲೋ ಬೀಮ್ ತಂತುವಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇದೆ. ಹೆಡ್‌ಲೈಟಿನ ಕನ್ನಡಿಯನ್ನು ರೂಪಿಸಿರುವುದು ಆ ತಂತು, ಆ ಬಟ್ಟಲು ಇರುವ ಜಾಗದ ಲೆಕ್ಕದ ಮೇಲೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗೆ ಹೋಗುತ್ತದೆ. ಎಲ್‌ಇಡಿಯಲ್ಲಿ ತಂತುವಿನ ಬದಲು ಎರಡು ಪಕ್ಕಕ್ಕೆ ಬೆಳಕು ಕೊಡುವ ಚಪ್ಪಟೆ ಚಿಪ್. ಒಳ್ಳೆಯ ಕಂಪನಿಯದು ತಂತುವಿನ ಜಾಗಕ್ಕೆ ಹತ್ತಿರ ಬರುತ್ತದೆ, ಆದರೂ ತಂತುವಿನ ಹಾಗೆ ಸುತ್ತಲೂ ಬೆಳಕು ಚೆಲ್ಲುವುದಿಲ್ಲ. ಅಗ್ಗದ್ದಂತೂ ದೇವರಿಗೇ ಪ್ರೀತಿ.

ಆ 20,000 ಲುಮೆನ್ ಕಥೆ ಬಿಟ್ಟುಬಿಡಿ. ಸಾಧಾರಣ ಎಚ್4 ಲೋ ಬೀಮಿನಲ್ಲಿ ಕೊಡೋದು 1,000 ಲುಮೆನ್, ಹೈ ಬೀಮಿನಲ್ಲಿ 1,650. ಹೆಬ್ಬೆರಳಿನಷ್ಟು ಎಲ್‌ಇಡಿ ಬಲ್ಬು ನಿಜವಾಗಿ 130 ವಾಟ್ ಎಳೆದರೆ ಅದರ ಬಿಸಿ ಹೊರಗೆ ಹೋಗಲು ಜಾಗವೇ ಇಲ್ಲ. ಹತ್ತು ನಿಮಿಷಕ್ಕೆ ತಾನಾಗೇ ಬೆಳಕು ಇಳಿಸಿಕೊಳ್ಳುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ.

ಇನ್ನೊಂದು ಮೋಸ ಇದೆ, ಇದು ಕಣ್ಣಿನದು. ಬಾನೆಟ್ ಮುಂದಿನ ಹತ್ತಡಿ ಜಾಗ ಜಾಸ್ತಿ ಬೆಳ್ಳಗಾದರೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ. ಹತ್ತಿರದ್ದು ಝಗಮಗ, ದೂರದ್ದು ಇನ್ನೂ ಕತ್ತಲೆ. ಡ್ರೈವರಿಗೆ ಅಬ್ಬಾ ಎಷ್ಟು ಬೆಳಕು ಅನ್ನಿಸುತ್ತದೆ. ಆನೆ ನಿಂತಿರುವುದು ದೂರದಲ್ಲಿ.

ಹಿರಿಯೂರು ಲೋಡ್

ಇದನ್ನು ಒಪ್ಪುತ್ತೇನೆ. ಒಣ ರಸ್ತೆಯಲ್ಲಿ ನನಗೆ ತೊಂದರೆ ಇಲ್ಲ, ನಮ್ಮ ಕಡೆ ಮಳೆಯೇ ಅಪರೂಪ. ಆದರೆ ಹೋದ ವರ್ಷ ಒಂದು ಬಾಡಿಗೆಗೆ ಅಂತ ಆಗುಂಬೆ ಇಳಿದಿದ್ದೆ. ಒದ್ದೆ ಡಾಂಬರಿನ ಮೇಲೆ ಬಿಳಿ ಬೆಳಕು ಎಲ್ಲಿ ಹೋಯಿತೋ ಗೊತ್ತಿಲ್ಲ, ಲೈಟ್ ಹಾಕಿದ್ದೀನಾ ಅಂತ ಎರಡು ಸಲ ಸ್ವಿಚ್ ನೋಡಿಕೊಂಡೆ. ಮಂಜಿನಲ್ಲಿ ಮುಂದೆ ಬಿಳಿ ಪಂಚೆ ಕಟ್ಟಿದ ಹಾಗೆ. ಆ ದಾರಿಯವರಿಗೆ ಎಲ್‌ಇಡಿ ಹಾಕಿ ಅನ್ನಬಾರದಿತ್ತು, ತಪ್ಪಾಯಿತು ಗುರು.

ಎಫ್‌ಸಿ ಅಲೆದಾಟ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಗಾಡಿ 2014ರದ್ದು ಅಂದರೆ 8 ವರ್ಷ ದಾಟಿದೆ, ಸಾಗಣೆ ಗಾಡಿ, ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಲೇಬೇಕು. ಅಲ್ಲಿ ಹೆಡ್‌ಲೈಟ್ ನೋಡುತ್ತಾರೆ. ನಾನು ಎಫ್‌ಸಿ ಹಿಂದಿನ ದಿನ ಹಳೇ ಬಲ್ಬ್ ಹಾಕಿ, ಮಾರನೇ ದಿನ ಎಲ್‌ಇಡಿ ಹಾಕಿ, ಹೀಗೆ ಎರಡು ವರ್ಷ ಸರ್ಕಸ್ ಮಾಡಿ ಸಾಕಾಗಿ ಬಿಟ್ಟೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದ ಗಾಡಿಗಳನ್ನೇ ಹುಡುಕಿ ಕೇಸ್ ಹಾಕಿದ್ದು ನೆನಪಿದೆ ಅಲ್ವಾ? ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ, ಅನುಮತಿ ಇಲ್ಲದೆ ಗಾಡಿಯಲ್ಲಿ ಏನಾದರೂ ಬದಲಾಯಿಸಿದರೆ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲೂ ಇದೆ. ಜೈಲಿಗೆ ಹಾಕಿದ್ದು ನಾನು ನೋಡಿಲ್ಲ, ದಂಡ ಕಟ್ಟಿದ್ದೇನೆ.

ಆಲೂರು ತರಕಾರಿ ಗಾಡಿ

ತಂತಿ ಅಣ್ಣಾ, ಮೀಟರ್ ಹಿಡಿದು ನೋಡಿದೆ. ಬ್ಯಾಟರಿ ಮೇಲೆ 13.8. ಬಲ ಹೋಲ್ಡರಿನಲ್ಲಿ 11.6, ಎಡದಲ್ಲಿ 11.9. ಇದು ಕಡಿಮೆನಾ?

ತಂತಿ ಡಾಕ್ಟರ್

ಕಡಿಮೆನಾ ಅಂತೀಯಲ್ಲೋ! ಬಲಗಡೆ ಲೈಟು ಕೊಡಬೇಕಾದ ಬೆಳಕಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಕೊಡುತ್ತಿದೆ ಅಷ್ಟೇ. ನೀನು ಇಷ್ಟು ದಿನ ಒಂದೂವರೆ ಲೈಟಿಗಿಂತ ಕಡಿಮೆಯಲ್ಲಿ ಘಾಟಿ ಇಳಿಯುತ್ತಿದ್ದೀಯ.

ಒಂದು ರಿಲೇ ವೈರಿಂಗ್ ಕಿಟ್ ತಗೋ, ಎಚ್4 ಕಿಟ್ ಅಂತಾನೇ ಕೇಳು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್ಚು. ಸಾವಿರದ ಆಸುಪಾಸು ಸಿಗುತ್ತದೆ, ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರೋಡಿನಲ್ಲಿ ಬೇಕಾದಷ್ಟಿವೆ. ಎರಡು ರಿಲೇ ಇರಬೇಕು, ಲೋಗೆ ಒಂದು, ಹೈಗೆ ಒಂದು. ಹೋಲ್ಡರ್ ಸೆರಾಮಿಕ್‌ದು ಇರಲಿ. ತಂತಿ 2.5 ಚದರ ಮಿಲಿಮೀಟರಿಗಿಂತ ಸಣ್ಣದಾದರೆ ವಾಪಸ್ ಕೊಡು. ಇದನ್ನು ಹಾಕಿದ ಮೇಲೆ ಹಳೆಯ ಸ್ವಿಚ್ಚಿನಲ್ಲಿ ಬರೀ ರಿಲೇಯನ್ನು ಎಬ್ಬಿಸುವಷ್ಟು ಕರೆಂಟ್ ಹರಿಯುತ್ತದೆ, ಬಲ್ಬಿನ ಕರೆಂಟ್ ಬ್ಯಾಟರಿಯಿಂದ ಸೀದಾ ಹೋಗುತ್ತದೆ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು, ಮಾರು ದೂರದಲ್ಲಿ ಅಲ್ಲ. ಹಳೆಯ ತಂತಿ ಕತ್ತರಿಸಿ ಟೇಪ್ ಸುತ್ತುವವನ ಹತ್ತಿರ ಹೋಗಬೇಡ, ಕಪ್ಲರಿಗೆ ಕಪ್ಲರ್ ಕೂರಬೇಕು. ಅರ್ತ್ ಹಾಕುವ ಜಾಗವನ್ನು ಹೊಳೆಯುವ ತನಕ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಹಚ್ಚು. ನಿಮ್ಮ ಕಡೆಯ ಮಳೆಗೆ ಅದು ಬೇಕೇ ಬೇಕು.

ಬಲ್ಬ್ ಹೊಸದು ಹಾಕು, 60/55ನೇ, ಫಿಲಿಪ್ಸ್ ಅಥವಾ ಒಸ್ರಾಮ್. ನೀಲಿ ಬಣ್ಣದ ಗಾಜಿನದು ಬೇಡ, ಆ ನೀಲಿಯೇ ಬೆಳಕು ನುಂಗುತ್ತದೆ. ಜಾಸ್ತಿ ಬೆಳಕು ಅಂತ ಬರುವ ದುಬಾರಿ ಬಲ್ಬ್‌ಗಳು ಕೆಲಸ ಮಾಡುತ್ತವೆ, ಆದರೆ ಆಯುಸ್ಸು ಕಡಿಮೆ.

ಇಷ್ಟಾದ ಮೇಲೆ ಲೈಟಿನ ಮುಖ ಸೆಟ್ ಮಾಡಬೇಕು. ಇದನ್ನು ಯಾರೂ ಮಾಡಲ್ಲ. ಲೋಡ್ ಹಾಕಿಕೊಂಡೇ ಮಾಡು. ಪಿಕಪ್‌ಗೆ ಒಂದು ಟನ್ ಹಾಕಿದರೆ ಹಿಂದಿನ ಕಮಾನುಪಟ್ಟಿ ಕೂರುತ್ತದೆ, ಮೂತಿ ಮೇಲೇಳುತ್ತದೆ, ಲೈಟು ಆಕಾಶ ನೋಡುತ್ತದೆ. ನಿನ್ನ ಗಾಡಿ ಮಂಗಳೂರಿಗೆ ಹೋಗುವಾಗೆಲ್ಲ ಲೋಡ್ ಇರುತ್ತದೆ. ಸಮತಟ್ಟು ಜಾಗದಲ್ಲಿ ಗೋಡೆಗೆ 5 ಮೀಟರ್ ದೂರ ನಿಲ್ಲಿಸು. ನೆಲದಿಂದ ಲೈಟಿನ ನಡುವಿಗೆ ಎಷ್ಟು ಎತ್ತರ ಅಂತ ಅಳೆದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ 5ರಿಂದ 6 ಸೆಂಟಿಮೀಟರ್ ಕೆಳಗೆ ಬೀಳಬೇಕು. ಎಡಗಡೆ ಸ್ವಲ್ಪ ಮೇಲಕ್ಕೆ ಓರೆಯಾಗಿ ಹೋಗುತ್ತದೆ, ಅದು ಸರಿಯಾಗೇ ಇದೆ, ರಸ್ತೆ ಅಂಚು ತೋರಿಸಲು ಇರುವುದೇ ಅದು.

ಆಲೂರು ತರಕಾರಿ ಗಾಡಿ

ಸರಿ ಅಣ್ಣಾ. ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿ ಆಗಿದೆ, ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಹೋಗುತ್ತಾ? ಮಂಜಿಗೆ ಹಳದಿ ಲೈಟ್ ಬೇರೆ ಹಾಕಿಸಲಾ?

ತಂತಿ ಡಾಕ್ಟರ್

ಟೂತ್‌ಪೇಸ್ಟ್ ಹಲ್ಲಿಗೆ ಇರಲಿ. 800, 1000, 2000 ನಂಬರಿನ ನೀರುಕಾಗದ (ಒದ್ದೆ ಮಾಡಿ ಉಜ್ಜುವ ಸ್ಯಾಂಡ್ ಪೇಪರ್) ತಗೊಂಡು ಆ ಕ್ರಮದಲ್ಲೇ ನೀರು ಹಾಕಿ ಉಜ್ಜಿ, ಆಮೇಲೆ ಪಾಲಿಶ್ ಕಾಂಪೌಂಡ್ ಹಾಕು. ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಸಲೇಬೇಕು, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಒಳಗಿನ ಕನ್ನಡಿಯೇ ಮಸುಕಾಗಿದ್ದರೆ ಮಾತ್ರ ಯಾವ ಪಾಲಿಶ್‌ಗೂ ಬಗ್ಗಲ್ಲ, ಹೊಸ ಸೆಟ್ಟೇ ಗತಿ.

ಉಪ್ಪಿನಂಗಡಿ ರಾತ್ರಿ ಬಸ್

ಫಾಗ್ ಲೈಟಿನ ವಿಷಯ ನಾನು ಹೇಳುತ್ತೇನೆ. ಬಂಪರಿಗಿಂತ ಕೆಳಗೆ ಹಾಕಿಸಿ, ಮೇಲೆ ಕ್ಯಾಬಿನ್ ತಲೆಗೆ ಬೇಡ. ಮಂಜಿನಲ್ಲಿ ಮೇಲಿನಿಂದ ಬಿಟ್ಟ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಬರುವುದು. ಕೆಳಗಿನಿಂದ ಅಗಲಕ್ಕೆ ಬಿಟ್ಟರೆ ಬಿಳಿ ಪಟ್ಟೆ ಕಾಣುತ್ತದೆ, ಘಾಟಿಯಲ್ಲಿ ಅದೊಂದು ಕಂಡರೆ ಸಾಕು. ಹಳದಿ ಬಣ್ಣ ಮಂಜನ್ನು ಸೀಳಿಕೊಂಡು ಹೋಗುತ್ತದೆ ಅನ್ನುವುದು ಬರೀ ಮಾತು, ಕಣ್ಣಿಗೆ ಚುಚ್ಚುವುದು ಕಡಿಮೆ ಅಷ್ಟೇ. ಮತ್ತೆ ಮಂಜು ಮುಗಿದ ಕೂಡಲೇ ಆಫ್ ಮಾಡಿ ಮಾರಾಯ್ರೆ, ನೆಲ್ಯಾಡಿವರೆಗೆ ಉರಿಸಿಕೊಂಡು ಬರಬೇಡಿ.

ಆಲೂರು ತರಕಾರಿ ಗಾಡಿ

ಎರಡು ವಾರ ಆಯಿತು, ಹೇಳಿಹೋಗೋಣ ಅಂತ ಬಂದೆ. ರಿಲೇ ಕಿಟ್ ಹಾಕಿಸಿದೆ. ಈಗ ಹೋಲ್ಡರಿನಲ್ಲಿ 13.4 ಬರುತ್ತಿದೆ, ಎರಡೂ ಕಡೆ. ಬಲ್ಬ್ 60/55ನೇ. ನೀರುಕಾಗದದಲ್ಲಿ ಉಜ್ಜಿ ಕೋಟ್ ಹೊಡೆಸಿದೆ. ಎಪಿಎಂಸಿ ಗೋಡೆ ಮುಂದೆ ಎಲೆಕೋಸಿನ ಲೋಡ್ ಸಮೇತ ನಿಲ್ಲಿಸಿ ಗೆರೆ ಎಳೆದರೆ, ನನ್ನ ಲೈಟು ಗೆರೆಗಿಂತ ಒಂದು ಗೇಣು ಮೇಲೆ ಹೊಡೆಯುತ್ತಿತ್ತು! ಇಷ್ಟು ವರ್ಷ ಎದುರಿನವರು ಯಾಕೆ ಬೈದುಕೊಂಡು ಹೋಗುತ್ತಿದ್ದರು ಅಂತ ಈಗ ಗೊತ್ತಾಯಿತು. ಸ್ಕ್ರೂ ತಿರುಗಿಸಿ ಇಳಿಸಿದೆ.

ನಿನ್ನೆ ರಾತ್ರಿ ಮಳೆಯಲ್ಲೇ ಇಳಿದೆ. ಹಗಲಿನ ಹಾಗೆ ಏನೂ ಕಾಣಲ್ಲ, ಆದರೆ ಎಡಗಡೆ ಬಿಳಿ ಪಟ್ಟೆ ಕೊನೆತನಕ ಕಂಡಿತು. ಆನೆ ಸಿಗಲಿಲ್ಲ, ಸಿಗೋದೂ ಬೇಡ. ಫಾಗ್ ಲೈಟ್ ಮುಂದಿನ ತಿಂಗಳು ದುಡ್ಡು ನೋಡಿಕೊಂಡು.

ಆ 3,500ರ ಎಲ್‌ಇಡಿ ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಅಪ್ಪ ಅದನ್ನು ಹಳೇ ಬ್ಯಾಟರಿಗೆ ಕೊಟ್ಟು ಕೊಟ್ಟಿಗೆಯಲ್ಲಿ ನೇತು ಹಾಕಿದ್ದಾರೆ. ಹಸು ಎರಡು ದಿನ ಹಾಲು ಸರಿಯಾಗಿ ಕೊಡಲಿಲ್ಲ, ಈಗ ಮುಖ ಗೋಡೆ ಕಡೆ ತಿರುಗಿಸಿದ ಮೇಲೆ ಪರವಾಗಿಲ್ಲ.