ಘಾನಾದ 'ಸ್ಟೂಲ್ ಲ್ಯಾಂಡ್'ಗೆ ಕನ್ನಡದಲ್ಲಿ ಏನನ್ನೋಣ? 'ಚೀಫ್' ಅಂದರೆ ಒಡೆಯನಾ?

ಎಲ್ಲರಿಗೂ ನಮಸ್ಕಾರ,

ಘಾನಾದ ಕೃಷಿ ನೀತಿ ಬಗ್ಗೆ ಒಂದು ಉದ್ದದ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗೊಬ್ಬರದ ಸಬ್ಸಿಡಿ, ಕೋಕೋ ಬೆಲೆ, ಬಜೆಟ್ಟಿನಲ್ಲಿ ಶೇ 10ರಷ್ಟು ಕೃಷಿಗೆ ಇಡುತ್ತೇವೆ ಅಂತ 2003ರಲ್ಲಿ ಮಾಪುಟೊದಲ್ಲಿ ಆಫ್ರಿಕಾದ ಸರ್ಕಾರಗಳು ಕೊಟ್ಟ ಮಾತು, ಇವೆಲ್ಲ ಸಲೀಸಾಗಿ ಬಂದವು. ಜಮೀನಿನ ಭಾಗಕ್ಕೆ ಬಂದಾಗ ಪೆನ್ನು ನಿಂತಿತು.

ಅಲ್ಲಿನ ಜಮೀನಿನಲ್ಲಿ ಸುಮಾರು ಶೇ 80ರಷ್ಟು ಸರ್ಕಾರದ್ದೂ ಅಲ್ಲ, ಖಾಸಗಿಯೂ ಅಲ್ಲ. ಊರಿನದು, ಕುಲದ್ದು, ಮನೆತನದ್ದು. ದಕ್ಷಿಣದಲ್ಲಿ ಇದರ ದೊಡ್ಡ ಭಾಗಕ್ಕೆ 'ಸ್ಟೂಲ್ ಲ್ಯಾಂಡ್' ಅಂತಾರೆ, ಉತ್ತರದಲ್ಲಿ 'ಸ್ಕಿನ್ ಲ್ಯಾಂಡ್'. ಚೀಫ್ ಅಂದರೆ ಊರಿನ ಅಥವಾ ಕುಲದ ಸಾಂಪ್ರದಾಯಿಕ ಮುಖಂಡ. ದಕ್ಷಿಣದ ಚೀಫ್‌ಗೆ ಅಧಿಕಾರದ ಗುರುತು ಕೆತ್ತಿದ ಮರದ ಪೀಠ. ಉತ್ತರದವರಿಗೆ ಪ್ರಾಣಿಯ ಚರ್ಮ. ಸ್ಟೂಲು ಅಂತ ಹಾಗೇ ಬಿಟ್ಟರೆ ನಮ್ಮ ಓದುಗರಿಗೆ ಬಲ್ಬು ಬದಲಾಯಿಸುವ ಸ್ಟೂಲೇ ಕಣ್ಣಿಗೆ ಬರುತ್ತದೆ, ಅಲ್ವಾ.

ಪೀಠ, ಪಟ್ಟ, ಗಾದಿ, ಗದ್ದುಗೆ, ಎಲ್ಲ ಇಟ್ಟು ನೋಡಿದೆ. ನನ್ನ ಓಟು ಗದ್ದುಗೆಗೆ. ಅಧಿಕಾರದ ಆಸನ ಅನ್ನುವ ಅರ್ಥವಂತೂ ಇದ್ದೇ ಇದೆ. ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಇನ್ನೊಂದು ಅರ್ಥ. ದಕ್ಷಿಣ ಘಾನಾದ ಅಕಾನ್ ಜನರಲ್ಲಿ ಒಳ್ಳೆಯ ಹೆಸರು ಉಳಿಸಿ ಹೋದ ಚೀಫ್‌ನ ಪೀಠಕ್ಕೆ ಕಪ್ಪು ಬಳಿದು, ಬೇರೆ ಕೋಣೆಯಲ್ಲಿಟ್ಟು, ಹಿರಿಯರ ಹೆಸರಲ್ಲಿ ಎಡೆ ಇಡುತ್ತಾರೆ. ನಮ್ಮ ಮಠಗಳಲ್ಲಿ ಐಕ್ಯರಾದ ಸ್ವಾಮಿಗಳ ಸಮಾಧಿಗೂ ಗದ್ದುಗೆ ಅಂತಲೇ ಅನ್ನುತ್ತೇವೆ, ಪೂಜೆಯೂ ನಡೆಯುತ್ತದೆ. ಕುಳಿತವರ ಜಾಗ, ಹೋದವರ ಜಾಗ, ಎರಡೂ ಒಂದೇ ಪದದಲ್ಲಿ ಸಿಗುತ್ತದೆ. 'ಗದ್ದುಗೆ ಜಮೀನು' ಅಂದರೆ ಮಠದ ಜಮೀನು ಅಂದುಕೊಳ್ಳುವ ಅಪಾಯ ಇದೆ, ಒಪ್ಪಿದೆ. ಆದರೆ ಮಠದ ಜಮೀನೂ ಸ್ವಾಮಿಗಳ ಸ್ವಂತದ್ದಲ್ಲವಲ್ಲ, ಹಾಗಾಗಿ ಆ ನೆರಳು ಬಿದ್ದರೂ ಪರವಾಗಿಲ್ಲ ಅನ್ನಿಸುತ್ತದೆ. 'ಸ್ಕಿನ್'ಗೆ ಮಾತ್ರ 'ತೊಗಲ ಗದ್ದುಗೆ' ಬಿಟ್ಟು ಏನೂ ಹೊಳೆದಿಲ್ಲ, ಅದು ನನಗೇ ಹಿಡಿಸಿಲ್ಲ.

ನಿಜವಾದ ತಲೆನೋವು 'ಚೀಫ್'. ಗೌಡ ಅಂದರೆ ಜಾತಿ ನೆನಪಾಗುತ್ತದೆ. ಪಟೇಲ ಕಂದಾಯ ಎತ್ತುವ ಕೆಲಸದವನು, ಆ ಹುದ್ದೆಯನ್ನು ನಮ್ಮಲ್ಲಿ 1961ರ ಕಾನೂನು ತೆಗೆದೇ ಹಾಕಿದೆ. ನಾಯಕ ಅಂದರೆ ಲಂಬಾಣಿ ತಾಂಡಾದಲ್ಲಿ ಸರಿಯಾದ ಅರ್ಥ ಇದೆ, ಹೊರಗೆ ಬಂದರೆ ಬರೀ ರಾಜಕಾರಣಿ. ಮುಖ್ಯಸ್ಥ ಅಂದರೆ ಆಫೀಸು ವಾಸನೆ.

ಎಲ್ಲಕ್ಕಿಂತ ಕೆಟ್ಟದ್ದು 'ಒಡೆಯ', 'ಭೂಮಾಲೀಕ'. ಘಾನಾದ ಕೃಷಿ ನೀತಿಯ ಜಗಳದಲ್ಲಿ ಅರ್ಧ ಇರುವುದೇ ಈ ಚೀಫ್ ಒಡೆಯನೋ ಬರೀ ನೋಡಿಕೊಳ್ಳುವವನೋ ಅನ್ನುವುದರಲ್ಲಿ. 1992ರ ಸಂವಿಧಾನದ ಪ್ರಕಾರ ಗದ್ದುಗೆ ಜಮೀನು ಗದ್ದುಗೆಯ ಹೆಸರಲ್ಲಿರುತ್ತದೆ, ಆದರೆ ಜನರ ಪರವಾಗಿ. ಅದನ್ನು ಯಾರಿಗೂ ಪೂರಾ ಮಾರುವ ಹಾಗಿಲ್ಲ. ವಿದೇಶಿಯರಿಗೆ 50 ವರ್ಷ ಮೀರಿ ಗುತ್ತಿಗೆ ಕೊಡುವ ಹಾಗಿಲ್ಲ. ಬಂದ ಹಣದಲ್ಲಿ ಶೇ 10 ಅದನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ, ಉಳಿದದ್ದರಲ್ಲಿ ಶೇ 55 ಜಿಲ್ಲಾ ಸಭೆಗೆ, ಶೇ 25 ಗದ್ದುಗೆಯ ಖರ್ಚಿಗೆ, ಶೇ 20 ಸಾಂಪ್ರದಾಯಿಕ ಆಡಳಿತಕ್ಕೆ. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ಆದರೆ 2008ರ ಆಸುಪಾಸಿನಲ್ಲಿ ಹೊರದೇಶದ ಕಂಪನಿಗಳು ಜತ್ರೋಪ (ಜೈವಿಕ ಇಂಧನದ ಗಿಡ) ಬೆಳೆಯಲು ಬಂದಾಗ ಕೆಲವು ಕಡೆ ಚೀಫ್‌ಗಳು ದೊಡ್ಡ ದೊಡ್ಡ ಜಾಗಕ್ಕೆ ಒಪ್ಪಿಗೆ ಕೊಟ್ಟರು, ಉಳುಮೆ ಮಾಡುತ್ತಿದ್ದವರಿಗೆ ವಿಷಯ ತಿಳಿದದ್ದು ಆಮೇಲೆ. 2020ರ ಭೂ ಕಾಯಿದೆ ಚೀಫ್‌ಗಳು ಜನರಿಗೆ ಲೆಕ್ಕ ಒಪ್ಪಿಸಬೇಕು ಅಂತ ಖಡಾಖಂಡಿತವಾಗಿ ಹೇಳಿದ್ದು ಇಂಥ ಹಿನ್ನೆಲೆಯಲ್ಲೇ. ಅನುವಾದದಲ್ಲಿ ನಾವೇ 'ಒಡೆಯ' ಅಂತ ಬರೆದುಬಿಟ್ಟರೆ ತೀರ್ಪು ಕೊಟ್ಟ ಹಾಗಾಯ್ತು.

ನನ್ನ ಸಲಹೆ 'ಯಜಮಾನ'. ಗಂಡ ಅನ್ನುವ ಅರ್ಥ, ಅಂಗಡಿ ಯಜಮಾನ್ರು ಅನ್ನುವ ಅರ್ಥ ಎರಡೂ ಅಡ್ಡ ಬರುತ್ತವೆ, ಗೊತ್ತು. ಆದರೆ ಕರಾವಳಿಯ ಅಳಿಯ ಸಂತಾನ ಕಟ್ಟಿನಲ್ಲಿ ಯಜಮಾನ ಅಂದರೆ ಕುಟುಂಬದ ಆಸ್ತಿ ನಡೆಸುವವನು. ತನ್ನಿಷ್ಟಕ್ಕೆ ಮಾರಿಕೊಳ್ಳುವವನಲ್ಲ. ಹೆಂಗಸು ಆ ಜಾಗದಲ್ಲಿದ್ದರೆ ಯಜಮಾನ್ತಿ. ಅಕಾನ್ ಜನರದ್ದೂ ತಾಯಿಯ ಕಡೆಯ ಸಂತಾನವೇ, ಗದ್ದುಗೆ ಅಕ್ಕತಂಗಿಯರ ಮಕ್ಕಳಿಗೂ ಹೋಗುತ್ತದೆ. ಅವರಲ್ಲಿ 'ಒಹೆಮಾ' ಅಂತ ಒಂದು ಸ್ಥಾನ ಇದೆ. ಇಂಗ್ಲಿಷಿನವರು ಅದನ್ನು 'ಕ್ವೀನ್ ಮದರ್' ಅಂತ ಬರೆದು ಕೆಡಿಸಿದ್ದಾರೆ, ಅದನ್ನು ನೋಡಿ ನಾವು 'ರಾಜಮಾತೆ' ಅಂತ ಬರೆದು ಇನ್ನಷ್ಟು ಕೆಡಿಸುತ್ತೇವೆ. ಆಕೆ ಚೀಫ್‌ನ ತಾಯಿಯೇ ಆಗಿರಬೇಕಿಲ್ಲ, ಅಕ್ಕ, ಚಿಕ್ಕಮ್ಮ, ಯಾರಾದರೂ ಆಗಬಹುದು. ಮುಂದಿನ ಚೀಫ್ ಯಾರು ಅಂತ ಹೆಸರು ಮುಂದಿಡುವವಳೂ ಆಕೆಯೇ. ಯಜಮಾನ್ತಿ ಸರಿಹೊಂದುತ್ತದೋ ಇಲ್ಲವೋ, ಮಂಗಳೂರು, ಉಡುಪಿ ಕಡೆಯವರು ಹೇಳಬೇಕು.

ಇನ್ನು ಸಣ್ಣಪುಟ್ಟವು. ಜಮೀನು ಕೇಳಲು ಹೋದವರು ಚೀಫ್‌ಗೆ 'ಡ್ರಿಂಕ್ಸ್ ಮನಿ' ಕೊಡಬೇಕು. ಮೊದಲು ಒಂದು ಬಾಟಲಿ ಸ್ನ್ಯಾಪ್ಸ್ ಮದ್ಯ ಇಟ್ಟರೆ ಸಾಕಿತ್ತಂತೆ, ಈಗ ದೊಡ್ಡ ಮೊತ್ತ. ಹೆಸರು 'ಡ್ರಿಂಕ್ಸ್' ಆದ್ದರಿಂದ ಮೇಲಿನ ಶೇ 55, 25ರ ಹಂಚಿಕೆಯ ಲೆಕ್ಕಕ್ಕೆ ಅದು ಸಾಮಾನ್ಯವಾಗಿ ಬರುವುದೇ ಇಲ್ಲ! 'ಎಲೆಅಡಿಕೆ ದುಡ್ಡು' ಅನ್ನಲಾ, 'ನಜರು ಕಾಣಿಕೆ' ಅನ್ನಲಾ? ಮೊದಲನೆಯದರಲ್ಲಿ ಮರ್ಯಾದೆ ಇದೆ, ಎರಡನೆಯದರಲ್ಲಿ ಸುಲಿಗೆ ಇದೆ. ಇಲ್ಲಿ ಎರಡೂ ಬೇಕು.

ಕೋಕೋ ತೋಟದ ಪಾಲಿನ ಪದ್ಧತಿಗೂ ಒಂದು ಮಾತು ಬೇಕು. ಅಲ್ಲಿ 'ಅಬುನು' ಅಂದರೆ ಎರಡು ಪಾಲು ಮಾಡುವುದು, 'ಅಬುಸಾ' ಅಂದರೆ ಮೂರು. ಅಬುನುಗೆ 'ವಾರ' (ಬೆಳೆ ಪಾಲಿನ ಕರಾರು) ಅಂದರೆ ನಡೆಯುತ್ತದೆ. 'ಗೇಣಿ' ಬೇಡ ಅಂತ ನನ್ನ ಹಟ. ಭೂ ಸುಧಾರಣಾ ಕಾಯಿದೆಗೆ 1974ರ ತಿದ್ದುಪಡಿ ಆದ ಮೇಲೆ ನಮ್ಮಲ್ಲಿ ಗೇಣಿದಾರ ಅಂದ ಕೂಡಲೇ 'ಉಳುವವನೇ ಹೊಲದೊಡೆಯ' ಕಿವಿಯಲ್ಲಿ ಕೇಳುತ್ತದೆ. ಘಾನಾದಲ್ಲಿ ಅಂಥದ್ದು ಆಗಿಲ್ಲ. ಮೂರನೇ ಪಾಲಿನ ಕರಾರಿಗೆ ನಿಮ್ಮ ಕಡೆ ಬೇರೆ ಹೆಸರು ಇದೆಯಾ? ಬಳ್ಳಾರಿ, ರಾಯಚೂರು, ಧಾರವಾಡದವರು ತಿಳಿಸಿ.

ಕೊನೆಗೆ, ಉತ್ತರ ಘಾನಾದಲ್ಲಿ ಚೀಫ್ ಬೇರೆ, 'ತೆಂಡಾನಾ' ಬೇರೆ. ಈತ ನೆಲಕ್ಕೆ ಪೂಜೆ ಸಲ್ಲಿಸುವವನು. ಹಲವು ಕಡೆ ಜಮೀನು ಕೊಡಲು ಚೀಫ್‌ಗಿಂತ ಮೊದಲು ಇವನ ಒಪ್ಪಿಗೆ ಬೇಕು. 2020ರ ಕಾಯಿದೆಯಲ್ಲೂ ಇವನ ಹೆಸರಿದೆ. 'ನೆಲದ ಪೂಜಾರಿ' ಅಂದರೆ ದೇವಸ್ಥಾನದವನಾಗಿಬಿಡುತ್ತಾನೆ, ಜಮೀನಿನ ಮೇಲೆ ಅವನಿಗಿರುವ ಹಕ್ಕು ಮಾಯವಾಗುತ್ತದೆ. ತೆಂಡಾನಾ ಅಂತಲೇ ಬಿಟ್ಟು ಒಂದು ಸಾಲು ವಿವರಣೆ ಕೊಡಲಾ, ಅಥವಾ ಯಾರಿಗಾದರೂ ಪದ ಹೊಳೆಯುತ್ತದಾ?