ಫ್ಯೂಚರ್ಸ್‌ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆ ಸಂಜೆ ಬ್ಯಾನರ್ ಪ್ರಿಂಟಿಗೆ ಹೋಗುತ್ತದೆ

ಗಂಜ್ ಕಡೆಯವಳು, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ನೆಹರು ಗಂಜ್ (ಇಲ್ಲಿನ ಧಾನ್ಯದ ಪೇಟೆ) ಹತ್ತಿರ ಭಾನುವಾರ ಒಂದು ತರಗತಿ ಇದೆ. ಕಮಾಡಿಟಿ ಫ್ಯೂಚರ್ಸ್, ಅಂದರೆ ಮುಂದಿನ ಒಂದು ದಿನಕ್ಕೆ ಇವತ್ತೇ ದರ ಗೊತ್ತು ಮಾಡಿ ಸರಕು ಕೊಳ್ಳುವ, ಮಾರುವ ಒಪ್ಪಂದ; ಅದನ್ನು ಏನೂ ಗೊತ್ತಿಲ್ಲದವರಿಗೆ ಹೇಳಿಕೊಡುವುದು. ಬರುವವರು ಅಡತಿ (ದಲಾಲಿ) ಅಂಗಡಿಯ ಹುಡುಗರು, ಒಂದಿಷ್ಟು ರೈತರು. ಟಿಪ್ಪಣಿ ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಒಳಗಿನ ಪುಟಗಳನ್ನು ಹೇಗೋ ಸಂಭಾಳಿಸುತ್ತೇನೆ. ಬ್ಯಾನರ್ ಮೇಲೆ ದೊಡ್ಡಕ್ಷರದಲ್ಲಿ ಹಾಕಲು ಫ್ಯೂಚರ್ಸ್‌ಗೆ ಒಂದು ಪದ ಕೊಡಿ.

ನಾನು ಪೇಪರಿನಲ್ಲಿ ನೋಡಿದ್ದು ‘ಮುಂಗಡ ವ್ಯಾಪಾರ’, ‘ವಾಯಿದಾ ವಹಿವಾಟು’, ‘ಭವಿಷ್ಯದ ಒಪ್ಪಂದ’. ಮೂರನೆಯದನ್ನು ಓದಿದರೆ ಯಾರೋ ಜಾತಕ ನೋಡುತ್ತಾರೆ ಅನಿಸುತ್ತದೆ, ಅದು ಬೇಡ. ಮೊದಲ ಎರಡರಲ್ಲಿ ಯಾವುದು? ಮಾರ್ಜಿನ್‌ಗೆ (ಭದ್ರತೆಗೆ ಅಂತ ಕಟ್ಟುವ ದುಡ್ಡು), ಹೆಡ್ಜಿಂಗ್‌ಗೆ (ದರ ಏರಿಳಿತದ ನಷ್ಟ ತಪ್ಪಿಸಿಕೊಳ್ಳುವುದು) ಏನಾದರೂ ಇದ್ದರೆ ಅದನ್ನೂ ಹೇಳಿ.

ಬೇಳೆ ಮಿಲ್ಲಿನವ, ಕಲಬುರಗಿ:

ಮುಂಗಡ ಬೇಡವೇ ಬೇಡ, ಅಕ್ಕಾ. ಗಂಜಿನಲ್ಲಿ ಮುಂಗಡ ಎಂದರೆ ಬಿತ್ತನೆ ಹೊತ್ತಿಗೆ ರೈತ ದಲಾಲಿ ಅಂಗಡಿಯಿಂದ ತರುವ ದುಡ್ಡು. ನಿಮ್ಮ ಬ್ಯಾನರ್ ನೋಡಿ ಮುಂಗಡ ಕೊಡುತ್ತಾರೆ ಅಂತ ಬೆಳಿಗ್ಗೆಯೇ ಪಾಳಿ ಹಚ್ಚುತ್ತಾರೆ. ಅದೂ ಅಲ್ಲದೆ ಮುಂಗಡ ವ್ಯಾಪಾರ ಅನ್ನುವುದು ಫಾರ್ವರ್ಡ್‌ಗೆ ಹೊಂದುತ್ತದೆ, ಫ್ಯೂಚರ್ಸ್‌ಗೆ ಅಲ್ಲ. ಫಾರ್ವರ್ಡ್ ಇಬ್ಬರ ನಡುವಿನ ಮಾತು, ಎಷ್ಟು ಚೀಲ, ಯಾವ ದಿನ, ಎಂಥ ಮಾಲು ಎಲ್ಲಾ ಅವರವರೇ ಗೊತ್ತು ಮಾಡಿಕೊಳ್ಳುತ್ತಾರೆ, ಒಬ್ಬ ಕೈಕೊಟ್ಟರೆ ಇನ್ನೊಬ್ಬ ಮುಳುಗಿದ. ಫ್ಯೂಚರ್ಸ್‌ನಲ್ಲಿ ತೂಕ, ಗುಣಮಟ್ಟ, ತೀರುವ ದಿನ ಎಲ್ಲವನ್ನೂ ಈ ವಹಿವಾಟು ನಡೆಸುವ ಎಕ್ಸ್‌ಚೇಂಜ್ ಮೊದಲೇ ನಿಗದಿ ಮಾಡಿರುತ್ತದೆ. ದರವೊಂದೇ ಚೌಕಾಸಿ. ಎದುರಿಗೆ ಯಾರಿದ್ದಾರೆ ಅಂತ ನಿಮಗೆ ಗೊತ್ತೇ ಆಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಪೇಟೆಯಲ್ಲಿ ಹಳಬರು ಅನ್ನುವುದು ಎರಡೇ: ಹಾಜರ್ ಮತ್ತು ವಾಯಿದೆ. ಹಾಜರ್ ದರ ಎಂದರೆ ಇವತ್ತು ಕಣ್ಣೆದುರು ಇರುವ ಮಾಲಿನ ದರ. ವಾಯಿದೆ ದರ ಎಂದರೆ ಮುಂದಿನ ತಿಂಗಳಿನದು. ಅದನ್ನೇ ಹಾಕಿ.

ಇನ್ನೊಂದು ಮಾತು. ಬ್ಯಾನರ್ ಮೇಲೆ ದಯವಿಟ್ಟು ತೊಗರಿ ಚಿತ್ರ ಹಾಕಬೇಡಿ. ಕಲಬುರಗಿ ಅಂದ ಕೂಡಲೇ ಡಿಸೈನ್ ಮಾಡುವವನು ತೊಗರಿ ಗಿಡ ಹಾಕುತ್ತಾನೆ. ತೊಗರಿ, ಉದ್ದಿನ ಫ್ಯೂಚರ್ಸ್ 2007ರ ಜನವರಿಯಲ್ಲೇ ನಿಂತವು. ಕಡಲೆ, ಹೆಸರು, ಸೋಯಾ ಸೇರಿ ಏಳು ಸರಕಿನ ಫ್ಯೂಚರ್ಸನ್ನು ಪೇಟೆಯ ನಿಯಂತ್ರಕ ಸೆಬಿ 2021ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು, ಆಮೇಲೆ ಆ ಅವಧಿಯನ್ನು ಮುಂದಕ್ಕೆ ಹಾಕುತ್ತಲೇ ಬಂತು. ನಮ್ಮ ಹೊಲದಲ್ಲಿ ಬೆಳೆಯುವುದೇ ಫ್ಯೂಚರ್ಸ್ ಪಟ್ಟಿಯಲ್ಲಿಲ್ಲ, ತರಗತಿಯ ಮೊದಲ ಐದು ನಿಮಿಷ ಅದನ್ನೇ ಹೇಳಬೇಕು.

ಅಚ್ಚಗನ್ನಡಿಗ, ಯಾದಗಿರಿ:

ವಾಯಿದೆ ಅರಬ್ಬಿ. ನನ್ನ ತಕರಾರು ಇಷ್ಟೇ: ಕನ್ನಡದ ಈ ಚರ್ಚಾ ಪಟ್ಟಿಯಲ್ಲಿ ಕನ್ನಡದ ಪದ ಕೇಳಿದವರಿಗೆ ಪೇಟೆಯ ಹಿಂದಿಯನ್ನು ಕೊಡಬೇಡಿ. ‘ಮುಂಬೆಲೆ ಒಪ್ಪಂದ’ ಎನ್ನಬಹುದು. ಮುಂದಿನ ಬೆಲೆ, ಮುಂಬೆಲೆ, ಸಂಧಿ ಸರಿಯಾಗಿದೆ. ಮಾರ್ಜಿನ್‌ಗೆ ಹಳೆಯ ಚೆಂದದ ಪದವೇ ಇದೆ, ‘ಸಂಚಕಾರ’. ವ್ಯಾಪಾರ ಗಟ್ಟಿಯಾಗಲು ಮೊದಲು ಕೊಡುವ ಹಣ. ಹೆಡ್ಜಿಂಗ್‌ಗೆ ‘ಬೇಲಿ ವ್ಯಾಪಾರ’.

ಅಲ್ಲದೆ ನಮ್ಮ ಕಡೆ ವಾಯಿದೆ ಬಿತ್ತು ಅಂದರೆ ಕೋರ್ಟಿಗೆ ಹೋಗಿ ಬರಿಗೈಲಿ ವಾಪಸ್ ಬಂದರು ಅಂತ ಅರ್ಥ. ಅದನ್ನು ಬ್ಯಾನರ್ ಮೇಲೆ ಹಾಕಿದರೆ ವಕೀಲರ ಸಭೆ ಅಂದುಕೊಳ್ಳುತ್ತಾರೆ.

ಹಳೇ ಶಿರಸ್ತೇದಾರ, ಬೀದರ್:

ತಕರಾರು ಅನ್ನುವುದೂ ಅರಬ್ಬಿಯೇ, ಸ್ವಾಮಿ. ಕರಾರು, ವಸೂಲಿ, ದಲಾಲಿ ಅರಬ್ಬಿ. ರಸೀದಿ, ಜಮೀನು ಫಾರ್ಸಿ. ಇವೆಲ್ಲಾ ನಿಜಾಮರ ದಫ್ತರದಲ್ಲಿ ಅಷ್ಟೇ ಅಲ್ಲ, ಮೈಸೂರಿನ ಕಚೇರಿಯಲ್ಲೂ ಇದ್ದವು, ಇವತ್ತಿನ ತಹಶೀಲ್ದಾರ್ ಆಫೀಸಿನಲ್ಲೂ ಇವೆ. ಇವನ್ನು ಬಿಟ್ಟು ನೀವು ಒಂದು ಎಕರೆ ಮಾರಿ ತೋರಿಸಿ.

ಮೂಲ ಪದ ವಾದಾ, ಅಂದರೆ ಕೊಟ್ಟ ಮಾತು. ಇಂಥ ದಿನಕ್ಕೆ ಇಂಥದ್ದನ್ನು ಮಾಡುತ್ತೇನೆ ಎಂಬ ಮಾತು. ಅಲ್ಲಿಂದ ಆ ಗೊತ್ತಾದ ದಿನಕ್ಕೇ ವಾಯಿದೆ ಅಂದರು. ಕೋರ್ಟಿನಲ್ಲೂ ಅರ್ಥ ಅದೇ, ಕೆಲಸ ಆಗದಿದ್ದರೆ ಅದು ಪದದ ತಪ್ಪಲ್ಲ. ಫ್ಯೂಚರ್ಸ್‌ನಲ್ಲೂ ಮುಖ್ಯ ಏನು? ತೀರುವ ದಿನ ತಾನೇ? ಇದಕ್ಕಿಂತ ಸರಿಯಾದ ಪದ ಎಲ್ಲಿ ಸಿಗುತ್ತದೆ?

ತಂಗೀ, ಒಂದು ತಿದ್ದುಪಡಿ. ‘ವಾಯಿದಾ’ ಅಂತ ಬರೆಯಬೇಡ. ದಾವಾ ದಾವೆ ಆಯಿತು, ಕಾಯ್ದಾ ಕಾಯ್ದೆ ಆಯಿತು. ಹಾಗೇ ವಾಯಿದೆ. ಆಕಾರ ಬಿಟ್ಟು ಎಕಾರಕ್ಕೆ ಬಂದ ಮೇಲೆ ಅದು ನಮ್ಮ ಮನೆಯ ಪದ.

ಇನ್ನು ಸಂಚಕಾರ. ಅದು ಸಂಸ್ಕೃತದ ಸತ್ಯಂಕಾರದಿಂದ ಬಂದದ್ದು. ಅರಬ್ಬಿ ಬೇಡ, ಸಂಸ್ಕೃತ ಆಗುತ್ತದೆ ಅನ್ನುವುದು ಯಾವ ಅಚ್ಚಗನ್ನಡ?

ಅಚ್ಚಗನ್ನಡಿಗ, ಯಾದಗಿರಿ:

ತದ್ಭವ ಕನ್ನಡವೇ. ಇದನ್ನೂ ಹೇಳಿಕೊಡಬೇಕಾ?

ಹಳೇ ಶಿರಸ್ತೇದಾರ, ಬೀದರ್:

ಹಾಗಾದರೆ ವಾಯಿದೆಯೂ ತದ್ಭವ. ಮುಗಿಯಿತು.

ಬೇಳೆ ಮಿಲ್ಲಿನವ, ಕಲಬುರಗಿ:

ನೀವಿಬ್ಬರೂ ಜಗಳಾಡಿ, ಆದರೆ ಸಂಚಕಾರ ಅರ್ಥದಲ್ಲೇ ತಪ್ಪು. ಸಂಚಕಾರ, ಬಯಾನೆ ಯಾವುದೇ ಅನ್ನಿ, ಅದನ್ನು ಕೊಳ್ಳುವವನು ಮಾರುವವನಿಗೆ ಕೊಡುತ್ತಾನೆ, ಕಡೆಗೆ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಮಾರ್ಜಿನ್ ಹಾಗಲ್ಲ. ಕೊಂಡವನೂ ಕಟ್ಟಬೇಕು, ಮಾರಿದವನೂ ಕಟ್ಟಬೇಕು. ಅದು ಬೆಲೆಯ ಭಾಗವೂ ಅಲ್ಲ, ಓಡಿಹೋಗದಿರಲಿ ಅಂತ ಹಿಡಿದಿಡುವ ದುಡ್ಡು.

ಅಕ್ಕಾ, ಈ ಲೆಕ್ಕವನ್ನು ಬೇಕಾದರೆ ನಿಮ್ಮ ಟಿಪ್ಪಣಿಗೆ ಹಾಕಿಕೊಳ್ಳಿ. ಎನ್‌ಸಿಡಿಇಎಕ್ಸ್ ಅನ್ನುವ ಎಕ್ಸ್‌ಚೇಂಜ್‌ನಲ್ಲಿ ಅರಿಶಿಣದ ಒಂದು ಲಾಟ್ (ಒಂದು ಸೌದಾದ ಅಳತೆ) ಎಂದರೆ 5 ಟನ್, 50 ಕ್ವಿಂಟಲ್. ದರ ಕ್ವಿಂಟಲ್‌ಗೆ 14,000 ಅಂತ ಇಟ್ಟುಕೊಳ್ಳಿ, ಒಟ್ಟು 7 ಲಕ್ಷದ ಮಾಲು. ಮಾರ್ಜಿನ್ ನೂರಕ್ಕೆ ಹತ್ತು ಅಂತ ಹಿಡಿದರೆ 70,000 ಕಟ್ಟಿ ಒಂದು ಲಾಟ್ ಕೊಂಡಿರಿ. ಸಂಜೆ ದರ 200 ರೂಪಾಯಿ ಇಳಿಯಿತು. ಮಾಲು ಮಾರಿಲ್ಲ, ವಾಯಿದೆ ತೀರಿಲ್ಲ, ಆದರೂ ಆ ದಿನದ 10,000 ನಿಮ್ಮ ಖಾತೆಯಿಂದ ಹೋಗುತ್ತದೆ. ಏರಿದ್ದರೆ ಬರುತ್ತಿತ್ತು. ಹೀಗೆ ದಿನಾ ನಡೆಯುತ್ತದೆ. ಇದಕ್ಕೆ ‘ದಿನದ ಚುಕ್ತಾ’ ಅನ್ನಿ, ಅಂಗಡಿ ಹುಡುಗರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕಟ್ಟಿದ ದುಡ್ಡು ಕರಗಿದಾಗ ಮತ್ತೆ ತುಂಬಿ ಅಂತ ಫೋನ್ ಬರುತ್ತದೆ, ತುಂಬದಿದ್ದರೆ ಅವರೇ ಸೌದಾ ಮುರಿದು ಹಾಕುತ್ತಾರೆ.

ಮಾರ್ಜಿನ್ ಎಷ್ಟೋ ಅಷ್ಟೇ ನಷ್ಟ ಅಂತ ಹೊಸಬರು ನಂಬಿರುತ್ತಾರೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಕಚ್ಚಾ ತೈಲದ ದರ ಸೊನ್ನೆಗಿಂತ ಕೆಳಗೆ ಬಿತ್ತಲ್ಲಾ, ಆಗ ನಮ್ಮ ಇನ್ನೊಂದು ಎಕ್ಸ್‌ಚೇಂಜ್ ಎಂಸಿಎಕ್ಸ್ ಕೂಡ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಯಂತೆ ಚುಕ್ತಾ ಮಾಡಿತು. ಲಾಟ್ ಅಂದರೆ 100 ಬ್ಯಾರೆಲ್. ಕೊಂಡವನು ಬರೀ ಮಾರ್ಜಿನ್ ಕಳೆದುಕೊಳ್ಳಲಿಲ್ಲ, ಮೇಲಿಂದ ಕೈಯಿಂದ ಕೊಟ್ಟ. ಇದನ್ನು ಹೇಳದೆ ತರಗತಿ ಮಾಡಬೇಡಿ.

ಹೆಡ್ಜಿಂಗ್‌ಗೆ ಬೇಲಿ ಅಂತೂ ಬೇಡ. ಬೇಲಿ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಎದ್ದು ಹೊಲ ಮೇಯ್ದ ಬೇಲಿಯೇ. ಗೋದಾಮಿನಲ್ಲಿ ಅರಿಶಿಣ ಇಟ್ಟುಕೊಂಡವನು ದರ ಬಿದ್ದೀತು ಅಂತ ವಾಯಿದೆಯಲ್ಲಿ ಮಾರಿ ಇಡುತ್ತಾನೆ. ದರ ಬಿದ್ದರೆ ಗೋದಾಮಿನ ಮಾಲಿನಲ್ಲಿ ಹೋದದ್ದು ವಾಯಿದೆಯಲ್ಲಿ ಬರುತ್ತದೆ. ‘ನಷ್ಟ ತಡೆ’ ಅನ್ನಿ ಸಾಕು.

ಅಚ್ಚಗನ್ನಡಿಗ, ಯಾದಗಿರಿ:

ಚುಕ್ತಾ, ಸೌದಾ, ಗೋದಾಮು. ಇದು ಕನ್ನಡದ ಪಟ್ಟಿಯೋ ಗಂಜಿನ ಕಟ್ಟೆಯೋ?

ಬೇಳೆ ಮಿಲ್ಲಿನವ, ಕಲಬುರಗಿ:

ಗಂಜಿನ ಕಟ್ಟೆಯಲ್ಲಿ ಮಾತಾಡುವುದೂ ಕನ್ನಡವೇ, ಸರ್. ಮುಂಬೆಲೆ ಅಂತ ಹಮಾಲನ ಹತ್ತಿರ ಹೇಳಿ ನೋಡಿ, ಮುಂಬೈ ಟ್ರೇನ್ ಎಷ್ಟು ಗಂಟೆಗೆ ಅಂತ ಹೇಳುತ್ತಾನೆ.

ಆದರೆ ಪೇಟೆಯ ಪದ ಎಲ್ಲವನ್ನೂ ತೆಗೆದುಕೊಳ್ಳಿ ಅಂತ ನಾನೂ ಹೇಳುವುದಿಲ್ಲ. ‘ಸಟ್ಟಾ’ ಅಂತ ಮಾತ್ರ ಎಲ್ಲೂ ಬರೆಯಬೇಡಿ, ಇಲ್ಲಿ ಸಟ್ಟಾ ಅಂದರೆ ಮಟ್ಕಾ, ತರಗತಿಗೆ ಪೊಲೀಸರೇ ಬಂದಾರು. ತೇಜಿ (ದರ ಏರಿಕೆ) ಸರಿ, ಮಂದಿ (ದರ ಇಳಿಕೆ) ಬೇಡ. ‘ಪೇಟೆಯಲ್ಲಿ ಮಂದಿ ಇದೆ’ ಅಂತ ಬರೆದರೆ ಜನ ಸೇರಿದ್ದಾರೆ, ವ್ಯಾಪಾರ ಜೋರಾಗಿದೆ ಅಂತ ಓದುತ್ತಾರೆ. ಪೂರ್ತಿ ಉಲ್ಟಾ.

ಗಂಜ್ ಕಡೆಯವಳು, ಕಲಬುರಗಿ:

ಎಲ್ಲರಿಗೂ ಥ್ಯಾಂಕ್ಸ್. ‘ವಾಯಿದೆ ವ್ಯಾಪಾರ: ಹೊಸಬರಿಗೆ ಮೊದಲ ಪಾಠ’ ಅಂತ ಕಳಿಸಿದ್ದೇನೆ, ಕೆಳಗೆ ಸಣ್ಣಕ್ಷರದಲ್ಲಿ ಫ್ಯೂಚರ್ಸ್. ಮಾರ್ಜಿನ್ ಮಾರ್ಜಿನ್ ಆಗಿಯೇ ಇರುತ್ತದೆ. ಜೀವಕ್ಕೆ ಸಂಚಕಾರ ಅನ್ನುವುದು ಬಿಟ್ಟರೆ ಆ ಪದ ಇವತ್ತು ಯಾರ ಬಾಯಲ್ಲೂ ಇಲ್ಲ, ಮೊದಲ ದಿನವೇ ಸಂಚಕಾರ ಕಟ್ಟಿ ಅಂದರೆ ಯಾರು ಕೂರುತ್ತಾರೆ ಹೇಳಿ. ದಿನದ ಚುಕ್ತಾ, ನಷ್ಟ ತಡೆ, ಹಾಜರ್ ದರ ತೆಗೆದುಕೊಂಡೆ. ಶಿರಸ್ತೇದಾರ್ ಕಾಕಾ ಹೇಳಿದಂತೆ ಎಕಾರ ಹಾಕಿದ್ದೇನೆ. ಡಿಸೈನ್‌ನಲ್ಲಿ ತೊಗರಿ ಗಿಡ ನಿಜವಾಗಿಯೂ ಬಂದಿತ್ತು, ತೆಗೆಸಿದೆ.

ಅರಬ್ಬಿ, ಸಂಸ್ಕೃತದ ಚರ್ಚೆಯನ್ನು ಬೇರೆ ವಿಷಯ ತೆಗೆದು ಮುಂದುವರಿಸಿ, ದಯವಿಟ್ಟು. ನನಗೆ ಇನ್ನೂ ಒಳಗಿನ ಪುಟಗಳು ಬಾಕಿ ಇವೆ.

ಅಚ್ಚಗನ್ನಡಿಗ, ಯಾದಗಿರಿ:

‘ಉಳಿದಿವೆ’ ಎನ್ನಬಹುದಿತ್ತು.