ಸಿಮ್ಸ್ 2: ಆಡುತ್ತಾ ಆಡುತ್ತಾ ಗೋಡೆ, ಮರ ಎಲ್ಲ ಗುಲಾಬಿ ಆಗುತ್ತಿವೆ. ಹಳೇ ಸಮಾಧಿ ಅಳಿಸಿದರೆ ಸರಿಹೋಗುತ್ತಾ?

ಗುಬ್ಬಿಗೂಡು

ಎಲ್ಲರಿಗೂ ನಮಸ್ಕಾರ. ಸಿಮ್ಸ್ 2 ಅಲ್ಟಿಮೇಟ್ ಕಲೆಕ್ಷನ್ ಆಡುತ್ತಿದ್ದೇನೆ, ಸಿಮ್ ಅನ್ನುವ ಜನರಿಗೆ ಮನೆ ಕಟ್ಟಿ ಸಂಸಾರ ನಡೆಸುವ ಕಂಪ್ಯೂಟರ್ ಆಟ. 2014ರ ಜುಲೈನಲ್ಲಿ ಇಎ ಕಂಪನಿಯ ಆನ್‌ಲೈನ್ ಅಂಗಡಿ ಒರಿಜಿನ್‌ನಲ್ಲಿ ಪುಕ್ಕಟೆ ಕೊಟ್ಟಿದ್ದರಲ್ಲ, ಆಗ ತಗೊಂಡದ್ದು. ಈಗ ಹೊಸ ಲ್ಯಾಪ್‌ಟಾಪ್‌ಗೆ ಹಾಕಿದ್ದೇನೆ. ವಿಂಡೋಸ್ 11, 16 ಜಿಬಿ ರ‍್ಯಾಮ್, 8 ಜಿಬಿಯ ಗ್ರಾಫಿಕ್ಸ್ ಕಾರ್ಡ್.

ಮೊದಲು 800x600 ಬಿಟ್ಟು ಬೇರೆ ರೆಸಲ್ಯೂಷನ್ನೇ ಸಿಗುತ್ತಿರಲಿಲ್ಲ. ಆಟಕ್ಕೆ ಹೊಸ ಕಾರ್ಡಿನ ಪರಿಚಯ ಮಾಡಿಸುವ ಗ್ರಾಫಿಕ್ಸ್ ರೂಲ್ಸ್ ಮೇಕರ್ ಹಾಕಿದ ಮೇಲೆ ಅದು ಸರಿಯಾಯಿತು. ಆದರೆ ಸ್ವಲ್ಪ ಹೊತ್ತು ಆಡಿದರೆ ಗೋಡೆಗಳು ಮಿಣಮಿಣ ಗುಲಾಬಿ ಆಗುತ್ತವೆ. ಆಮೇಲೆ ಮರ, ಜನರ ಬಟ್ಟೆ, ಮುಖ. ಕೊನೆಗೆ ಆಟವೇ ಮುಚ್ಚಿಹೋಗುತ್ತದೆ. ಜನ ಜಾಸ್ತಿ ಸೇರುವ ಜಾಗಗಳಲ್ಲಿ ಬೇಗ ಬರುತ್ತದೆ.

ಇದು ನಮ್ಮಕ್ಕ ಹಳೇ ಕಂಪ್ಯೂಟರ್‌ನಲ್ಲಿ ಕಟ್ಟಿದ ಪ್ಲೆಸೆಂಟ್‌ವ್ಯೂ, ಆಟದೊಳಗಿನ ಊರು. ಆ ಫೋಲ್ಡರ್ ಹಾಗೇ ತಂದು ಹಾಕಿದ್ದೇನೆ. ಅವಳು ಈಗ ಮಸ್ಕತ್‌ನಲ್ಲಿದ್ದಾಳೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ತೋರಿಸುತ್ತೇನೆ, ಅವಳು ಅಲ್ಲಿಂದಲೇ ಯಾರಿಗೆ ಯಾರನ್ನು ಮದುವೆ ಮಾಡಬೇಕು ಅಂತ ಹೇಳುತ್ತಾಳೆ. ಹಾಗಾಗಿ ಹೊಸದಾಗಿ ಶುರು ಮಾಡುವ ಮಾತಿಲ್ಲ.

ಊರಿನ ಸ್ಮಶಾನದಲ್ಲಿ ಸಮಾಧಿಗಳು ತುಂಬಿಹೋಗಿವೆ. ಅವನ್ನೆಲ್ಲ ಅಳಿಸಿದರೆ ಆಟ ಹಗುರ ಆಗುತ್ತದೆ ಅಂದುಕೊಂಡಿದ್ದೇನೆ. ಮಾಡಲಾ?

ರಾತ್ರಿಪಾಳಿ

ಬೇಡ ಬೇಡ. ಸಮಾಧಿ ಮುಟ್ಟಬೇಡಿ. ಮೊದಲು ಆ ಕೆಲಸ ನಿಲ್ಲಿಸಿ. ಕಾರಣ ಆಮೇಲೆ ಹೇಳುತ್ತೇನೆ, ಅದಕ್ಕೂ ಗುಲಾಬಿಗೂ ಸಂಬಂಧವೇ ಇಲ್ಲ.

ಈಗ ಎರಡು ಕೆಲಸ ಮಾಡಿ. ಒಂದು, ಡಾಕ್ಯುಮೆಂಟ್ಸ್ ಒಳಗೆ ಇಎ ಗೇಮ್ಸ್, ಅದರೊಳಗಿನ ಸಿಮ್ಸ್ 2 ಫೋಲ್ಡರಿನಲ್ಲಿ ನೇಬರ್‌ಹುಡ್ಸ್ ಅಂತ ಇದೆ. ಅದನ್ನು ಪೂರ್ತಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಎರಡು, ಅಲ್ಲೇ ಪಕ್ಕದಲ್ಲಿ ಲಾಗ್ಸ್ ಫೋಲ್ಡರ್ ಇದೆ. ಅದರಲ್ಲಿ ಹೆಸರಿನ ಕೊನೆಗೆ ಕಾನ್ಫಿಗ್-ಲಾಗ್ ಅಂತ ಇರುವ ಫೈಲ್ ತೆರೆಯಿರಿ. ಗ್ರಾಫಿಕ್ಸ್ ಡಿವೈಸ್ ಅನ್ನುವ ಭಾಗದಲ್ಲಿ ಏನಿದೆ ಅಂತ ಇಲ್ಲಿ ಹಾಕಿ. ಕಾರ್ಡಿನ ಹೆಸರು, ಟೆಕ್ಸ್‌ಚರ್ ಮೆಮೊರಿ (ಗೋಡೆ, ಬಟ್ಟೆಗಳ ಚಿತ್ರ ಇಡುವ ಜಾಗ) ಎಷ್ಟು, ಇಷ್ಟು ಸಾಕು.

ಚುರುಮುರಿ

ಎಕ್ಸ್‌ಪಿ ಕಂಪ್ಯಾಟಿಬಿಲಿಟಿ ಮೋಡ್ ಹಾಕಿ, ಅಡ್ಮಿನ್ ಆಗಿ ರನ್ ಮಾಡಿ. ಆಗದಿದ್ದರೆ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಗುರು. ಎಲ್ಲಾ ಹಳೇ ಗೇಮಿಗೂ ಅದೇ ಮದ್ದು.

ರಾತ್ರಿಪಾಳಿ

ಎಲ್ಲಾ ಹಳೇ ಗೇಮಿಗೂ ಅಲ್ಲ. ಇದು ಮೆಮೊರಿ ವಿಷಯ. ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಅದೇ 2004ರ ಆಟ ತಾನೇ ಬರುವುದು? ಮೊದಲು ಲಾಗ್ ನೋಡೋಣ.

ಗುಬ್ಬಿಗೂಡು

ನಕಲು ಮಾಡಿಟ್ಟೆ. ಲಾಗ್‌ನಲ್ಲಿ ಟೆಕ್ಸ್‌ಚರ್ ಮೆಮೊರಿ 32 ಎಂಬಿ, ಪಕ್ಕದಲ್ಲಿ ಓವರ್‌ರೈಡ್ ಅಂತ ಇದೆ. ನನ್ನ ಕಾರ್ಡಿನಲ್ಲಿ 8 ಜಿಬಿ ಇದೆ! ಇನ್ನೊಂದು ವಿಚಿತ್ರ, ಕಾರ್ಡಿನ ಹೆಸರಿನ ಜಾಗದಲ್ಲಿ ನನ್ನ ಕಾರ್ಡೇ ಇಲ್ಲ. ಪ್ರೊಸೆಸರ್ ಜೊತೆಗೆ ಬರುವ ಚಿಕ್ಕ ಗ್ರಾಫಿಕ್ಸ್ ಚಿಪ್ ಹೆಸರಿದೆ.

ರಾತ್ರಿಪಾಳಿ

ಸಿಕ್ಕಿತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ಚಿಪ್ ಇವೆ. ಹಳೇ ಆಟ ಅಂತ ವಿಂಡೋಸ್ ಅದನ್ನು ಕರೆಂಟ್ ಉಳಿಸುವ ಚಿಕ್ಕ ಚಿಪ್‌ಗೆ ಕೊಟ್ಟಿದೆ. ಆಟಕ್ಕೆ ಅದೂ ಗೊತ್ತಿಲ್ಲ, ನಿಮ್ಮ ದೊಡ್ಡ ಕಾರ್ಡೂ ಗೊತ್ತಿಲ್ಲ. ಅದರ ಬಳಿ ಇರುವುದು ಆ ಕಾಲದ ಕಾರ್ಡುಗಳ ಪಟ್ಟಿ. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಕಂಡರೆ ‘ಇದರಲ್ಲಿ 32 ಎಂಬಿ ಇರಬಹುದು’ ಅಂತ ತಾನೇ ತೀರ್ಮಾನ ಮಾಡಿಬಿಡುತ್ತದೆ. ಮನೆ, ಬಟ್ಟೆ, ಕೂದಲು ಎಲ್ಲಕ್ಕೂ ಚಿತ್ರಗಳು ಬೇಕು. ಅವನ್ನು ಇಡಲು ಜಾಗ ಮುಗಿದ ಕಡೆ ಗುಲಾಬಿ ಕಾಣುತ್ತದೆ. ಆಡುವವರು ಇದಕ್ಕೆ ಪಿಂಕ್ ಸೂಪ್ ಅಂತಲೇ ಹೆಸರಿಟ್ಟಿದ್ದಾರೆ, ಅಷ್ಟು ಹಳೇ ಕಾಯಿಲೆ ಇದು.

ಇದೇ ಕ್ರಮದಲ್ಲಿ ಮಾಡಿ, ಹಿಂದುಮುಂದು ಮಾಡಬೇಡಿ.

ಮೊದಲು ವಿಂಡೋಸ್ ಸೆಟ್ಟಿಂಗ್ಸ್, ಡಿಸ್‌ಪ್ಲೇ, ಗ್ರಾಫಿಕ್ಸ್. ಅಲ್ಲಿ ಆಟದ ಇಎಕ್ಸ್‌ಇ ಫೈಲ್ ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ. ಆಟ ಇನ್‌ಸ್ಟಾಲ್ ಆದ ಜಾಗದಲ್ಲಿ ಫನ್ ವಿತ್ ಪೆಟ್ಸ್, ಅದರೊಳಗೆ ಎಸ್‌ಪಿ9, ಅದರೊಳಗೆ ಟಿಎಸ್‌ಬಿನ್. ಸಿಮ್ಸ್2ಇಪಿ9 ಅನ್ನುವುದೇ ಆ ಫೈಲ್. ಇಷ್ಟಕ್ಕೆ ಕೇಳದಿದ್ದರೆ ಕಾರ್ಡಿನ ಸ್ವಂತ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಅದೇ ಫೈಲ್‌ಗೆ ದೊಡ್ಡ ಕಾರ್ಡ್ ಆರಿಸಬಹುದು.

ಆಮೇಲೆ ಗ್ರಾಫಿಕ್ಸ್ ರೂಲ್ಸ್ ಮೇಕರ್ ಮತ್ತೊಮ್ಮೆ. ಈಗ ಕಾರ್ಡ್ ಬದಲಾಗಿದೆ ಅಲ್ವಾ, ಹೊಸ ಕಾರ್ಡನ್ನು ಪಟ್ಟಿಗೆ ಸೇರಿಸಬೇಕು. ಟೆಕ್ಸ್‌ಚರ್ ಮೆಮೊರಿ ಕಡ್ಡಾಯ ಮಾಡುವ ಆಯ್ಕೆ ಹಾಕಿ 2048 ಕೊಡಿ. 8 ಜಿಬಿ ಇದೆ ಅಂತ 8192 ಬರೆಯಲು ಹೋಗಬೇಡಿ. ಈ ಆಟಕ್ಕೆ ಅಷ್ಟು ಕೊಟ್ಟು ಏನೂ ಲಾಭವಿಲ್ಲ.

ಮೂರನೆಯದು 4 ಜಿಬಿ ಪ್ಯಾಚ್. ಸಿಮ್ಸ್ 2 ಒಂದು 32-ಬಿಟ್ ಪ್ರೋಗ್ರಾಂ. ನಿಮ್ಮಲ್ಲಿ ರ‍್ಯಾಮ್ 16 ಇರಲಿ 64 ಇರಲಿ, ಅದು 2 ಜಿಬಿ ದಾಟುವುದಿಲ್ಲ. ದಾಟಬೇಕಾಗಿ ಬಂದರೆ ಬೀಳುತ್ತದೆ. ನಿಮ್ಮ ಆಟ ಮುಚ್ಚಿಹೋಗುವುದು ಇದರಿಂದಲೇ ಇರಬೇಕು. ಪ್ಯಾಚ್ ಆ ಇಎಕ್ಸ್‌ಇ ಫೈಲಿನಲ್ಲಿ ಒಂದು ಚಿಕ್ಕ ಗುರುತು ಮಾತ್ರ ಬದಲಿಸುತ್ತದೆ. 64-ಬಿಟ್ ವಿಂಡೋಸ್ ಆ ಗುರುತು ನೋಡಿ 4 ಜಿಬಿವರೆಗೆ ಬಿಡುತ್ತದೆ. ಮುಂದೆ ಯಾವಾಗಲಾದರೂ ಆಟವನ್ನು ರಿಪೇರಿ ಮಾಡಿದರೆ ಹಳೇ ಇಎಕ್ಸ್‌ಇ ವಾಪಸ್ ಬರುತ್ತದೆ, ಆಗ ಪ್ಯಾಚ್ ಮತ್ತೆ ಹಾಕಬೇಕು.

ಮಾಡಿ, ಆಟ ಒಮ್ಮೆ ತೆರೆದು ಮುಚ್ಚಿ, ಹೊಸ ಲಾಗ್ ನೋಡಿ.

ಗುಬ್ಬಿಗೂಡು

ಲಾಗ್‌ನಲ್ಲಿ ಈಗ ನನ್ನ ಕಾರ್ಡ್ ಹೆಸರು, 2048 ಎಂಬಿ! ಮನೆಗಳಲ್ಲಿ ಗುಲಾಬಿ ಪೂರ್ತಿ ಹೋಗಿದೆ. ಊರಿನ ಗೋತ್ ಕುಟುಂಬದ ಮನೆಯಲ್ಲಿ ತುಂಬಾ ಹೊತ್ತು ಆಡಿದೆ, ಏನೂ ಆಗಲಿಲ್ಲ. ಆದರೆ ಆಟದ ಪೇಟೆ ಡೌನ್‌ಟೌನ್‌ಗೆ ಹೋದರೆ ಇನ್ನೂ ಬರುತ್ತದೆ, ಸ್ವಲ್ಪ ತಡವಾಗಿ. ಸ್ಮಶಾನದ ಲಾಟ್‌ನಲ್ಲಿ (ಆಟದ ನಿವೇಶನ) ಅಂತೂ ಹೋದ ಕೂಡಲೇ. ಅದಕ್ಕೇ ಸಮಾಧಿ ಮೇಲೆ ನನಗೆ ಅನುಮಾನ.

ಹಳೇಸಿಡಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಈ ಆಟ ಡಿಸ್ಕ್ ಕಾಲದಿಂದ ಆಡುತ್ತಿರುವವಳು. ವಿಂಡೋಸ್ 10 ಬಂದ ಮೇಲೆ ನಕಲು ತಡೆಯುವ ಸೇಫ್‌ಡಿಸ್ಕ್ ಇದ್ದ ಸಿಡಿಗಳು ಓಡುವುದೇ ನಿಂತವು, ಆಗ ಅಲ್ಟಿಮೇಟ್ ಕಲೆಕ್ಷನ್‌ಗೆ ಬಂದೆ.

ಗುಬ್ಬಿಗೂಡು, ಡಿಎಕ್ಸ್‌ವಿಕೆ ಹಾಕಿ ನೋಡಿ. ಲಿನಕ್ಸ್‌ನಲ್ಲಿ ವಿಂಡೋಸ್ ಆಟ ಓಡಿಸಲೆಂದು ಮಾಡಿದ್ದು ಅದು. ಸಿಮ್ಸ್ 2 ಮಾತಾಡುವ ಡೈರೆಕ್ಟ್3ಡಿ 9 ಅನ್ನುವ ಹಳೇ ಗ್ರಾಫಿಕ್ಸ್ ಭಾಷೆಯನ್ನು ವಲ್ಕನ್ ಅನ್ನುವ ಹೊಸದಕ್ಕೆ ಬದಲಿಸಿ ಕಾರ್ಡಿಗೆ ಕೊಡುತ್ತದೆ. ನಮ್ಮವರು ಅದನ್ನು ವಿಂಡೋಸ್‌ನಲ್ಲೇ ಬಳಸುತ್ತಿದ್ದಾರೆ. ಅದರಲ್ಲಿ 32-ಬಿಟ್‌ನ ಡಿ3ಡಿ9 ಡಿಎಲ್‌ಎಲ್ ಇದೆ. ಅದನ್ನು ಟಿಎಸ್‌ಬಿನ್ ಒಳಗೆ ಇಡಿ, ಅಷ್ಟೇ. 64-ಬಿಟ್‌ನದು ಹಾಕಿದರೆ ಆಟ ತೆರೆಯುವುದಿಲ್ಲ. ಇಷ್ಟವಾಗದಿದ್ದರೆ ಆ ಫೈಲ್ ತೆಗೆದರೆ ಮುಗಿಯಿತು.

ಆದರೆ ಸ್ಮಶಾನದ ಲಾಟ್‌ನಲ್ಲಿ ಹೋದ ಕೂಡಲೇ ಅಂದಿರಲ್ಲ, ಅದು ನನಗೆ ಬೇರೆ ಕಥೆ ಅನ್ನಿಸುತ್ತಿದೆ. ಅಲ್ಲಿ ಮರ, ಹೂವು, ಕಲ್ಲು ಜಾಸ್ತಿ ಇವೆಯಾ? ಹೊರಗಿನಿಂದ ತಂದ ವಸ್ತುಗಳನ್ನು ಹಾಕುವ ಆಟದ ಡೌನ್‌ಲೋಡ್ಸ್ ಫೋಲ್ಡರ್ ಎಷ್ಟು ದೊಡ್ಡದಿದೆ?

ಗುಬ್ಬಿಗೂಡು

ಅಕ್ಕ ತೋಟದ ಹಾಗೆ ಮಾಡಿದ್ದಾಳೆ, ಮರಗಳೇ ಮರಗಳು. ಡೌನ್‌ಲೋಡ್ಸ್ 9 ಜಿಬಿ. ಮರಗಳು ಚೆನ್ನಾಗಿ ಕಾಣಲಿ ಅಂತ ಹೊಸ ಟೆಕ್ಸ್‌ಚರ್‌ಗಳನ್ನೂ ಹಾಕಿದ್ದೇವೆ.

ಹಳೇಸಿಡಿ

ಅಲ್ಲೇ ಇದೆ ನೋಡಿ. ಆಟದ ಸ್ವಂತ ಮರಗಳ ಚಿತ್ರ ಚಿಕ್ಕವು. ಈಗ ಜನ ಮಾಡಿ ಹಂಚುವ ಬದಲಿ ಚಿತ್ರಗಳು ಎಷ್ಟೋ ಪಟ್ಟು ದೊಡ್ಡವು. ಅಗಲ ಎತ್ತರ ಎರಡೂ ಎರಡು ಪಟ್ಟು ಆದರೆ ಮೆಮೊರಿ ನಾಲ್ಕು ಪಟ್ಟು ಬೇಕು. ಮಾಡುವವರು ಪ್ರೀತಿಯಿಂದಲೇ ಮಾಡುತ್ತಾರೆ, ಬೇರೆ ಮಾತಿಲ್ಲ. ಆದರೆ ದೂರದಿಂದ ನೋಡುವ ಎಲೆಗೆ ಅಷ್ಟು ದೊಡ್ಡ ಚಿತ್ರ ಯಾಕೆ ಬೇಕು, ನನಗಂತೂ ಅರ್ಥವಾಗಿಲ್ಲ.

ಪರೀಕ್ಷೆ ಹೀಗೆ ಮಾಡಿ. ಆಟ ಮುಚ್ಚಿ ಡೌನ್‌ಲೋಡ್ಸ್ ಫೋಲ್ಡರಿನ ಹೆಸರು ಬದಲಿಸಿ. ಆಟ ತೆರೆದು ಆ ಲಾಟ್‌ಗೆ ಹೋಗಿ ಸುಮ್ನೆ ನೋಡಿ. ಸೇವ್ ಮಾಡಲೇಬೇಡಿ. ಡೌನ್‌ಲೋಡ್ಸ್ ಇಲ್ಲದಾಗ ಜನರ ಕೂದಲು, ಬಟ್ಟೆ ಬದಲಾಗಿ ಕಾಣುತ್ತವೆ. ಸೇವ್ ಮಾಡಿದರೆ ಅದೇ ಉಳಿದುಬಿಡುತ್ತದೆ. ಗುಲಾಬಿ ಬರಲಿಲ್ಲ ಅಂದರೆ ತಪ್ಪು ಡೌನ್‌ಲೋಡ್ಸ್‌ನದೇ. ಆಮೇಲೆ ಅರ್ಧ ಫೈಲ್ ವಾಪಸ್ ಹಾಕಿ ನೋಡಿ. ಬಂದರೆ ಆ ಅರ್ಧದಲ್ಲಿದೆ, ಇಲ್ಲದಿದ್ದರೆ ಇನ್ನೊಂದರಲ್ಲಿ. ಹೀಗೇ ಅರ್ಧ ಅರ್ಧ ಮಾಡುತ್ತಾ ಹೋಗಿ. ಬೇಜಾರಿನ ಕೆಲಸ, ಆದರೆ ಇದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿಲ್ಲ. ನೀವು ಮರದ ಫೋಲ್ಡರಿನಿಂದಲೇ ಶುರು ಮಾಡಿ.

ಚುರುಮುರಿ

ನನಗೊಂದು ಡೌಟು. ಸತ್ತವರ ಸಮಾಧಿ ಅಳಿಸಿದರೆ ಏನಾಗುತ್ತೆ? ಸತ್ತೇ ಹೋಗಿದ್ದಾರಲ್ಲ.

ರಾತ್ರಿಪಾಳಿ

ಹೇಳುತ್ತೇನೆ ಅಂದಿದ್ದೆ, ಬಾಕಿ ಉಳಿದಿತ್ತು.

ಈ ಆಟದಲ್ಲಿ ಪ್ರತಿ ಸಿಮ್‌ಗೂ ಒಂದು ಕ್ಯಾರೆಕ್ಟರ್ ಫೈಲ್ ಇರುತ್ತದೆ. ಸತ್ತರೂ ಆ ಫೈಲ್ ಇರಲೇಬೇಕು. ಯಾಕೆಂದರೆ ಉಳಿದವರ ನೆನಪುಗಳಲ್ಲಿ, ಸಂಬಂಧಗಳಲ್ಲಿ, ವಂಶವೃಕ್ಷದಲ್ಲಿ ಎಲ್ಲ ಕಡೆ ಆ ಫೈಲಿನ ಗುರುತು ಇರುತ್ತದೆ. ಮೊಮ್ಮಗಳಿಗೆ ‘ಅಜ್ಜ ತೀರಿಕೊಂಡರು’ ಅನ್ನುವ ನೆನಪಿದೆ ಅಂದುಕೊಳ್ಳಿ, ಆ ನೆನಪು ಅಜ್ಜನ ಫೈಲ್ ಕಡೆಗೇ ಬೆರಳು ತೋರಿಸುತ್ತಿರುತ್ತದೆ. ಸತ್ತ ಸಿಮ್ ಆಟದೊಳಗೆ ಉಳಿಯುವುದು ಆ ಸಮಾಧಿಯ ಮೂಲಕ. ಅದನ್ನು ಅಳಿಸಿದರೆ ಸಿಮ್‌ನ ಮಾಹಿತಿ ಹಾಳಾಗುತ್ತದೆ, ಆದರೆ ಮೊಮ್ಮಗಳ ನೆನಪು ಹಾಗೇ ಇರುತ್ತದೆ. ಪಹಣಿಯಲ್ಲಿ ಸರ್ವೆ ನಂಬರ್ ಇದೆ, ಹೋಗಿ ನೋಡಿದರೆ ಜಮೀನೇ ಇಲ್ಲ, ಹಾಗೆ. ಅದೇ ದಿನ ಏನೂ ಆಗುವುದಿಲ್ಲ. ಅದೇ ಅಪಾಯ. ಹಾಳಾದ ಮಾಹಿತಿ ಒಬ್ಬರಿಂದ ಒಬ್ಬರಿಗೆ ಸೇರಿಕೊಂಡು ಎಷ್ಟೋ ಕಾಲದ ಮೇಲೆ ಊರು ಕೆಡುತ್ತದೆ. ಆಗ ಕಾರಣ ಹುಡುಕುವುದು ಕಷ್ಟ.

ಸಮಾಧಿ ಇರುವ ಲಾಟ್ ಬುಲ್‌ಡೋಜ್ ಮಾಡುವುದೂ ಅಷ್ಟೇ ಕೆಟ್ಟದ್ದು. ಜನ ವಾಸ ಇರುವ ಮನೆಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುವುದೂ ಬೇಡ. ಸಮಾಧಿಯನ್ನು ಸಿಮ್‌ನ ಇನ್ವೆಂಟರಿಯಲ್ಲಿ ಇಟ್ಟು ಸ್ಮಶಾನಕ್ಕೆ ಒಯ್ದು ಇಡಬಹುದು, ಅದಕ್ಕೆ ತೊಂದರೆ ಇಲ್ಲ. ನಿಮ್ಮಕ್ಕ ಮಾಡಿರುವುದು ಅದೇ, ಸರಿಯಾಗಿಯೇ ಮಾಡಿದ್ದಾರೆ.

ನೋ ಅನ್‌ಲಿಂಕ್ ಆನ್ ಡಿಲೀಟ್ ಅಂತ ಒಂದು ಹಳೇ ಮಾಡ್ (ಆಟವನ್ನು ಬದಲಿಸುವ ಫೈಲ್) ಇದೆ. ಕೈತಪ್ಪಿ ಸಮಾಧಿ ಅಳಿಸಿದರೂ ಅದು ಒಂದು ಮಟ್ಟಿಗೆ ಕಾಪಾಡುತ್ತದೆ. ಊರಿನ ತಪಾಸಣೆಗೆ ಹುಡ್‌ಚೆಕರ್ ಇದೆ. ಹಾಳಾದ ನೆನಪು, ಸಂಬಂಧಗಳನ್ನು ಪಟ್ಟಿ ಮಾಡಿ ತೋರಿಸುತ್ತದೆ, ಬೇಕಾದರೆ ತೆಗೆಯುತ್ತದೆ. ಇವೆಲ್ಲ ಆಡುವವರೇ ಬರೆದವು. ಇಷ್ಟು ವರ್ಷ ಊರುಗಳು ಉಳಿದಿರುವುದು ಇವುಗಳಿಂದಲೇ. ಹುಡ್‌ಚೆಕರ್ ಓಡಿಸುವ ಮೊದಲೂ ನಕಲು ಮಾಡಿಡಿ.

ಗುಬ್ಬಿಗೂಡು

ಮರಗಳೇ! ಒಂದು ಮರದ ಸೆಟ್ ತೆಗೆದೆ, ಸ್ಮಶಾನದಲ್ಲಿ ಗುಲಾಬಿ ಹೋಯಿತು. ಅದೇ ಸೆಟ್‌ನ ಚಿಕ್ಕ ಟೆಕ್ಸ್‌ಚರ್‌ನ ಆವೃತ್ತಿ ಸಿಕ್ಕಿತು, ಅದನ್ನು ಹಾಕಿದೆ. ನೋಡಲು ಏನೂ ವ್ಯತ್ಯಾಸ ಕಾಣುವುದಿಲ್ಲ. ಡಿಎಕ್ಸ್‌ವಿಕೆ ಹಾಕಿದ ಮೇಲೆ ಡೌನ್‌ಟೌನ್ ಕೂಡ ಸರಾಗ. ಮೊದಲ ಸಲ ಲಾಟ್ ತೆರೆಯುವಾಗ ಸ್ವಲ್ಪ ತಡವರಿಸುತ್ತದೆ, ಆಮೇಲೆ ಸರಿಯಾಗುತ್ತದೆ.

ಹುಡ್‌ಚೆಕರ್ ಓಡಿಸಿದೆ. ಕೆಲವು ಹಾಳಾದ ಸಂಬಂಧಗಳನ್ನು ತೋರಿಸಿತು, ತೆಗೆದೆ. ಸಮಾಧಿಗಳೆಲ್ಲ ಹಾಗೇ ಇವೆ ಅಂತ ಅಕ್ಕನಿಗೂ ಹೇಳಿದೆ. ಅಳಿಸುವ ಯೋಚನೆ ಇತ್ತು ಅಂತ ಕೇಳಿಯೇ ಅವಳು ಸರಿಯಾಗಿ ಬೈದಳು.

ಒಂದೇ ಒಂದು ಉಳಿದಿದೆ. ಮನೆಯೊಳಗೆ ಸಿಮ್‌ಗಳ ಕಾಲ ಕೆಳಗೆ ಕಪ್ಪು ಚೌಕ ಕಾಣುತ್ತದೆ.

ಹಳೇಸಿಡಿ

ಅದು ನೆರಳು. ಹೊಸ ಕಾರ್ಡುಗಳಲ್ಲಿ ತುಂಬಾ ಜನರಿಗೆ ಬರುತ್ತದೆ. ಸಿಮ್ ಶ್ಯಾಡೋ ಫಿಕ್ಸ್ ಅಂತ ಹುಡುಕಿ, ಒಂದೇ ಚಿಕ್ಕ ಫೈಲ್. ಡೌನ್‌ಲೋಡ್ಸ್‌ಗೆ ಹಾಕಿದರೆ ಸಾಕು.

ಮಳೆಗಾಲ

ನನ್ನ ಹತ್ತಿರ ಇರುವುದು 2025ರ ಜನವರಿ 31ಕ್ಕೆ ಬಂದ ಲೆಗಸಿ ಕಲೆಕ್ಷನ್, ಇದೇ ಆಟದ ಮರುಬಿಡುಗಡೆ. ಇದೇ ಹೆಜ್ಜೆಗಳು ಅದಕ್ಕೂ ಆಗುತ್ತವಾ?

ರಾತ್ರಿಪಾಳಿ

ಕಣ್ಣುಮುಚ್ಚಿ ಮಾಡಬೇಡಿ. ಅದರಲ್ಲಿ ಫೋಲ್ಡರ್ ಹೆಸರುಗಳೇ ಬೇರೆ. ಸಮಾಧಿ ಮತ್ತು ಡೌನ್‌ಲೋಡ್ಸ್ ಬಗ್ಗೆ ಹೇಳಿದ್ದೆಲ್ಲ ಅದಕ್ಕೂ ಸೇರುತ್ತದೆ. ಗ್ರಾಫಿಕ್ಸ್ ವಿಷಯಕ್ಕೆ ನಿಮ್ಮ ಕಾನ್ಫಿಗ್-ಲಾಗ್ ಹಾಕಿ ಹೊಸ ಚರ್ಚೆ ಶುರು ಮಾಡಿ, ಅಲ್ಲಿ ನೋಡೋಣ.

ಗುಬ್ಬಿಗೂಡು

ಕಪ್ಪು ಚೌಕವೂ ಹೋಯಿತು. ತಲೆಬರಹಕ್ಕೆ ‘ಪರಿಹಾರವಾಗಿದೆ’ ಅಂತ ಸೇರಿಸುವುದು ಎಲ್ಲಿ? ನನಗೆ ಆ ಬಟನ್ ಕಾಣುತ್ತಿಲ್ಲ.